ಉತ್ತರಭಾಗದ ಋಣ

ಒಂದು ಕಥೆಯನ್ನು ಮುಗಿಸಿದ ಗ್ರಂಥಕರ್ತನು ಅದನ್ನೇ ಮುಂದುವರಿಸಿ ಇನ್ನೊಂದು ಭಾಗವನ್ನು ರಚಿಸಬಹುದೇ? ರಚಿಸಬಹುದಾದರೆ ಅವನು ಯಾರಿಗೆ ಏನನ್ನು ಸಲ್ಲಿಸಬೇಕಾದವನಾಗುತ್ತಾನೆ? ಮೇಲುನೋಟಕ್ಕೆ ಇದು ಪುಸ್ತಕವ್ಯಾಪಾರಕ್ಕೆ ಸೇರಿದ ಪ್ರಶ್ನೆಯಂತೆ ತೋರುವುದು. ವಾಚಕರು ಬೇಡುತ್ತಾರೆ, ಪ್ರಕಾಶಕರು ಅವಸರಪಡಿಸುತ್ತಾರೆ, ಬರೆದು ರೂಢಿಯಾದ ಕೈಯೂ ಸುಮ್ಮನಿರಲೊಲ್ಲದು. ಇದರಲ್ಲಿ ಧರ್ಮಾಧರ್ಮಗಳ ಮಾತು ಎಲ್ಲಿಂದ ಬಂತೆಂದು ಕೇಳುವವರುಂಟು. ಆದರೆ ಕಥೆ ಹೇಳುವುದೆಂದರೆ ಮಾತು ಕೊಡುವುದು. ಕೊಟ್ಟ ಮಾತು ಪುಸ್ತಕದ ಕೊನೆಯ ಪುಟದಲ್ಲಿ ತೀರಿಹೋಗುವುದೋ, ಅದರಾಚೆಗೂ ಉಳಿಯುವುದೋ ಎಂಬುದು ವಿಚಾರಾರ್ಹವಾದ ವಿಷಯವೇ ಸರಿ.

ಅದ್ಭುತ ಭಯಾನಕಗಳನ್ನು ಬೆರಸಿದ ಕಥಾಮಾಲಿಕೆಗಳಲ್ಲಿ ಈ ಪ್ರಶ್ನೆಯು ಹೆಚ್ಚು ತೀಕ್ಷ್ಣವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉಗಿಯಂತ್ರಗಳನ್ನೂ ಹಲ್ಲಿನ ಗಾಲಿಗಳನ್ನೂ ಹಿತ್ತಾಳೆಯ ಕೊಳವೆಗಳನ್ನೂ ಕಲ್ಪನೆಯಲ್ಲಿ ಬೆಳೆಯಿಸಿ, ಇಲ್ಲದ ಲೋಕವೊಂದನ್ನು ನಿರ್ಮಿಸುವ ಕಥಾಜಾತಿಯೊಂದು ಪಶ್ಚಿಮದಲ್ಲಿ ಪ್ರಚಾರಕ್ಕೆ ಬಂದಿದೆ. ಅದಕ್ಕೆ ಸ್ಟೀಮ್‌ಪಂಕ್ ಎಂಬ ಹೆಸರನ್ನು ೧೯೮೭ರಲ್ಲಿ ಅಮೇರಿಕೆಯ ಲೇಖಕನಾದ ಕೆ. ಡಬ್ಲ್ಯು. ಜೀಟರನು ಬಳಕೆಗೆ ತಂದನು. ಆ ಯಂತ್ರಲೋಕದೊಳಗೆ ಪಿಶಾಚಗಳನ್ನೂ ಶವಗಳನ್ನೂ ಹೊಗಿಸಿದರೆ ಭಯಾನಕವೂ ಕೂಡಿದಂತಾಗುವುದು. ಬೆಳಗಾವಿಯ ಮಗ್ಗುಲಿನ ಹಿಂಡಲಗಾದ ತರುಣನೊಬ್ಬನು ಇಂಥ ಕಥೆಯೊಂದನ್ನು ಬರೆದನೆಂದು ಉದಾಹರಣೆಗಾಗಿ ಕಲ್ಪಿಸಬಹುದು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಬ್ಬಿಣದ ಹಾದಿಯು ಖಾನಾಪುರದ ಕಡೆಯ ಕಾಡುಗಳನ್ನು ದಾಟಿ ಬೆಳಗಾವಿಗೆ ಬಂದಿತು. ಆ ಕಾಡಿನಲ್ಲಿ ತಾನಾಗಿಯೇ ಓಡುವ ಒಂದು ಉಗಿಬಂಡಿ. ಅದರ ಬಾಯ್ಲರಿನೊಳಗೆ ಒಂದು ಪಿಶಾಚ. ಅದಕ್ಕೆ ಹನ್ನೆರಡು ಜನರು ಬಲಿಯಾದ ಮೇಲೆ ಹದಿಮೂರನೆಯವನು ತನ್ನ ಪ್ರಾಣವನ್ನೊಡ್ಡಿ ಬಾಯ್ಲರನ್ನು ಒಡೆಯುತ್ತಾನೆ. ಕಥೆ ಮುಗಿಯಿತು. ಓದಿದವರೆಲ್ಲ ಮೆಚ್ಚಿ, “ಮುಂದೇನು?” ಎಂದು ಕೇಳಿದರು. ಆ ತರುಣನ ತೊಡಕು ಇಲ್ಲಿಂದ ಮೊದಲಾಗುವುದು.

ಮೊದಲ ತೊಡಕು ರಸಕ್ಕೆ ಸಂಬಂಧಿಸಿದುದು. ಭಯಕ್ಕೆ ಅಜ್ಞಾತವೇ ಆಹಾರ. ಮೊದಲ ಭಾಗದಲ್ಲಿ ಬಾಯ್ಲರಿನೊಳಗೆ ಏನಿದೆಯೆಂಬುದು ವಾಚಕನಿಗೆ ತಿಳಿಯದು. ಆದುದರಿಂದ ಅವನು ನಡುಗಿದನು. ಎರಡನೆಯ ಭಾಗದಲ್ಲಿ ಅವನು ಎಲ್ಲವನ್ನೂ ಬಲ್ಲವನಾಗಿ ಕುಳಿತಿರುತ್ತಾನೆ. ಪರಿಚಯವಾದ ಪಿಶಾಚವು ನೆರೆಮನೆಯವನಂತೆ. ಅದರ ಬರವನ್ನು ಕಂಡು ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಆಗ ಲೇಖಕನಿಗೆ ಸುಲಭೋಪಾಯವೊಂದು ಹೊಳೆಯುತ್ತದೆ: ಒಂದು ಬಂಡಿಯಿದ್ದಲ್ಲಿ ಹತ್ತು, ಹನ್ನೆರಡು ಹೆಣಗಳಿದ್ದಲ್ಲಿ ನೂರಿಪ್ಪತ್ತು, ನೆತ್ತರಿನ ಹನಿಯಿದ್ದಲ್ಲಿ ಹೊಳೆ. ಇದರಿಂದ ಭಯವು ಹೆಚ್ಚುವುದಿಲ್ಲ. ಅದು ಜುಗುಪ್ಸೆಯಾಗಿ ಮಾರ್ಪಡುತ್ತದೆ, ಎಂದರೆ ಭಯಾನಕವು ಬೀಭತ್ಸದಲ್ಲಿ ಮುಳುಗಿಹೋಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ತನ್ನ ಧ್ವನ್ಯಾಲೋಕದಲ್ಲಿ ರಸಕ್ಕೆ ವಿರೋಧಿಗಳಾದ ದೋಷಗಳನ್ನು ಎಣಿಸುವಾಗ, ಪರಿಪೋಷವನ್ನು ಹೊಂದಿದ ರಸವನ್ನೇ ಮತ್ತೆ ಮತ್ತೆ ಉದ್ದೀಪಿಸುವುದನ್ನೂ ಅವುಗಳಲ್ಲಿ ಸೇರಿಸಿದನು. ಬಹಳ ಸಲ ಮುಟ್ಟಿದ ಹೂವು ಬಾಡುವಂತೆ ಆ ರಸವೂ ಬಾಡುವುದೆಂದು ಅವನ ಅಭಿಪ್ರಾಯ. ಇಂದಿನ ಕಥಾಮಾಲಿಕೆಗಳ ರೋಗಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ನಿದಾನವಾಗಿದೆಯೆಂದು ಇದರಿಂದ ತಿಳಿಯಬಹುದು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. “ಕಾಗದದ ಮೇಲಿನ ಹೆಣಗಳಿಗೆ ಸೂತಕವುಂಟೇ? ನೂರಿಪ್ಪತ್ತು ಜನರನ್ನು ಕೊಂದರೆ ಯಾರಿಗೇನು ನಷ್ಟ? ರಸಭಂಗವಾದರೆ ಪುಸ್ತಕವನ್ನು ಮಡಿಚಿಟ್ಟರಾಯಿತು; ಅದನ್ನು ಅಧರ್ಮವೆನ್ನುವುದು ಅತಿಯಾಯಿತಲ್ಲವೇ?” ಎಂದು.

ಇದಕ್ಕೆ ಸಮಾಧಾನವನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. ಅದು ಹಿಂಡಲಗಾದಲ್ಲಿಯೇ ಇದೆ. ಅಲ್ಲಿಯ ಕಾರಾಗೃಹವು ೧೯೨೩ರಲ್ಲಿ ಸ್ಥಾಪಿತವಾಯಿತು. ಅದರ ಗೋಡೆಗಳ ಒಳಗೆ ಗಲ್ಲುಗಂಬವುಂಟು. ಅಲ್ಲಿ ಕಡೆಯ ಸಲ ಒಬ್ಬನನ್ನು ಗಲ್ಲಿಗೇರಿಸಿದುದು ೧೯೮೩ರಲ್ಲಿ. ಗಲ್ಲುಗಂಬವೂ ಒಂದು ಯಂತ್ರವೇ. ಅದಕ್ಕೆ ಉಗಿಯಿಲ್ಲ, ಹಲ್ಲಿನ ಗಾಲಿಯಿಲ್ಲ; ಒಂದು ಹಗ್ಗ, ಜಾರುವ ಒಂದು ಹಲಗೆ, ಅದನ್ನು ಜಾರಿಸುವ ಒಂದು ಸನ್ನೆ, ಇಷ್ಟೇ. ಆದರೂ ಆ ಯಂತ್ರವನ್ನು ಒಮ್ಮೆ ನಡೆಯಿಸಬೇಕಾದರೆ ಸೆಶನ್ಸ್ ನ್ಯಾಯಾಲಯದ ತೀರ್ಪೊಂದೇ ಸಾಲದು. ಉಚ್ಚ ನ್ಯಾಯಾಲಯವು ಅದನ್ನು ಸ್ಥಿರಪಡಿಸಬೇಕು. ಅದರ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಯಿಡಲು ಹಾದಿಯಿದೆ. ರಾಜ್ಯಪಾಲರ ಮುಂದೆಯೂ ರಾಷ್ಟ್ರಪತಿಗಳ ಮುಂದೆಯೂ ದಯಾಭಿಕ್ಷೆಯನ್ನು ಬೇಡಬಹುದು. ಅಪರಾಧಿಯೆಂದು ನಿಶ್ಚಿತನಾದವನ ಒಂದು ಜೀವಕ್ಕಾಗಿ ಸಮಾಜವು ಇಷ್ಟು ಸಲ ನಿಂತು, ಇದು ಸರಿಯೇ ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತದೆ. ಅಷ್ಟಾಗಿಯೂ ಮರಣದಂಡನೆಯು ಇರತಕ್ಕದ್ದೇ ಎಂಬ ವಾದವು ಮುಗಿದಿಲ್ಲ. ಆ ಗೋಡೆಗಳ ಹೊರಗೆ ಕುಳಿತು ಕಥೆ ಬರೆಯುವವನು ನಿರಪರಾಧಿಗಳಾದ ನೂರು ಜನರನ್ನು ಒಂದೇ ವಾಕ್ಯದಲ್ಲಿ ಕೊಂದು, ಮುಂದಿನ ವಾಕ್ಯದಲ್ಲಿ ಚಹ ಕುಡಿಯುವ ಪ್ರಸಂಗಕ್ಕೆ ಹೋಗುವನಾದರೆ, ಕಾಗದದ ಹೆಣಗಳಿಗೆ ನೋವಾಗದೆಂಬುದು ನಿಜ. ಆದರೆ ಓದುವವರ ಮನಸ್ಸಿನಲ್ಲಿ ಮರಣದ ತೂಕವು ಅಷ್ಟಷ್ಟೇ ಇಳಿಯುತ್ತದೆ. ಪದೇ ಪದೇ ಓದಿದುದು ಸಂಸ್ಕಾರವಾಗಿ ಉಳಿಯುವುದೆಂಬುದನ್ನು ಮಕ್ಕಳಿರುವ ಮನೆಯವರಿಗೆ ಹೇಳಬೇಕಾಗಿಲ್ಲ. ಆದುದರಿಂದ ಇದು ರಸದ ಪ್ರಶ್ನೆಯಾಗಿರುವಂತೆ ಧರ್ಮದ ಪ್ರಶ್ನೆಯೂ ಆಗಿದೆ.

ಎರಡನೆಯ ತೊಡಕು ಯಂತ್ರಕ್ಕೆ ಸಂಬಂಧಿಸಿದುದು. ಯಂತ್ರಕ್ಕೆ ನಿಯಮವುಂಟು, ನಿಯಮವಿಲ್ಲದುದು ಯಂತ್ರವಲ್ಲ, ಇಂದ್ರಜಾಲ. ಯಂತ್ರಾದ್ಭುತವು ನಮ್ಮವರಿಗೆ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದ ಭೋಜರಾಜನ ಸಮರಾಂಗಣಸೂತ್ರಧಾರದಲ್ಲಿ ಯಂತ್ರಗಳಿಗಾಗಿಯೇ ಒಂದು ಅಧ್ಯಾಯವಿದ್ದು, ಬಾಗಿಲು ಕಾಯುವ ಮರದ ಆಳುಗಳೂ ಪಾದರಸವನ್ನು ಕಾಯಿಸಿ ಹಾರಿಸುವ ಮರದ ಹಕ್ಕಿಯೂ ಅಲ್ಲಿ ವರ್ಣಿತವಾಗಿವೆ. ಅವುಗಳ ಜೋಡಣೆಯನ್ನು ಪೂರ್ಣವಾಗಿ ಹೇಳದಿರುವುದು ಅಜ್ಞಾನದಿಂದಲ್ಲ, ಗೋಪ್ಯಕ್ಕಾಗಿ ಎಂದು ಭೋಜನು ತಿಳಿಸುತ್ತಾನೆ. ಲೇಖಕನೂ ಗೋಪ್ಯವನ್ನು ಕಾಯಬಹುದು. ಆದರೆ ಗೋಪ್ಯವಾಗಿಟ್ಟುದಕ್ಕೂ ಎಂದೂ ಇಲ್ಲದುದಕ್ಕೂ ಭೇದವುಂಟು. ಹಿಂದಿಯಲ್ಲಿ ಚಂದ್ರಕಾಂತಾ ಎಂಬ ಕಾದಂಬರಿಯನ್ನೂ ಅದರ ಮುಂದುವರಿಕೆಯಾದ ಚಂದ್ರಕಾಂತಾ ಸಂತತಿಯನ್ನೂ ಬರೆದ ದೇವಕೀನಂದನ ಖತ್ರಿಯು ತನ್ನ ‘ತಿಲಿಸ್ಮ್’ ಎಂಬ ಮಾಯಾದುರ್ಗಗಳಲ್ಲಿ ಏನೇನೋ ವಿಚಿತ್ರಗಳನ್ನು ತೋರಿಸಿದರೂ, ಅವುಗಳಿಗೆ ಯಂತ್ರಗಳನ್ನೂ ಔಷಧಿಗಳನ್ನೂ ಕಾರಣವಾಗಿಟ್ಟನು. ೧೯೧೩ರಲ್ಲಿ ಅವನು ತೀರಿಕೊಂಡಾಗ ಭೂತನಾಥವೆಂಬ ಮುಂದಿನ ಕಥೆಯು ಅರ್ಧದಲ್ಲಿ ನಿಂತಿತು. ಮಗನಾದ ದುರ್ಗಾಪ್ರಸಾದನು ಅದನ್ನು ಪೂರೈಸಿದನು. ತಂದೆಯು ಕಟ್ಟಿದ ದುರ್ಗಕ್ಕೆ ಬೀಗದ ಕೈಯನ್ನು ಮಗನು ತಂದೆಯ ಬರಹದಲ್ಲಿಯೇ ಹುಡುಕಬೇಕೇ ಹೊರತು, ತನಗೆ ತೊಡಕು ಬಂದಲ್ಲೆಲ್ಲ ಹೊಸ ಬಾಗಿಲನ್ನು ಕೊರೆಯಲಾಗದು. ಹಿಂಡಲಗಾದ ತರುಣನ ಉಗಿಬಂಡಿಯೂ ಹಾಗೆಯೇ. ಮೊದಲ ಭಾಗದಲ್ಲಿ ನೀರಿಲ್ಲದೆ ಅದು ಓಡದೆಂದು ಹೇಳಿದ್ದರೆ, ಎರಡನೆಯ ಭಾಗದಲ್ಲಿ ಅದು ನೀರಿಲ್ಲದೆ ಓಡಕೂಡದು. ಓಡಿದರೆ ಮೊದಲ ಭಾಗದಲ್ಲಿ ಆ ನೀರನ್ನು ತಡೆಯಲು ಹೋಗಿ ಸತ್ತವನು ವ್ಯರ್ಥವಾಗಿ ಸತ್ತಂತಾಯಿತು.

ಇದರಿಂದ ಮೂರನೆಯದೂ ಎಲ್ಲಕ್ಕಿಂತ ಗುರುತರವೂ ಆದ ತೊಡಕು ಎದುರಾಗುತ್ತದೆ: ಸತ್ತವರನ್ನು ಎಬ್ಬಿಸಬಹುದೇ? ಕಥಾಮಾಲಿಕೆಗಳನ್ನು ಬರೆಯುವವರಿಗೆ ಇದಕ್ಕಿಂತ ದೊಡ್ಡ ಪ್ರಲೋಭನವಿಲ್ಲ. ವಾಚಕರು ಪ್ರೀತಿಸಿದ ಆ ಹದಿಮೂರನೆಯವನು ಸತ್ತೇ ಇರಲಿಲ್ಲವೆಂದು ಒಂದು ಸಾಲು ಬರೆದರೆ ಸಾಕು, ಎಲ್ಲರೂ ಹಿಗ್ಗುತ್ತಾರೆ. ಆದರೆ ಆ ಸಾಲಿನಿಂದ ಮೊದಲ ಭಾಗದಲ್ಲಿ ಸುರಿದ ಕಣ್ಣೀರೆಲ್ಲವೂ ಮೋಸಹೋದವರ ಕಣ್ಣೀರಾಗುತ್ತದೆ. ಹಾಗಾದರೆ ಎಬ್ಬಿಸಲೇಬಾರದೆನ್ನಬೇಕೇ? ಈ ಪ್ರಶ್ನೆಗೆ ಉತ್ತರವು ಕನ್ನಡಿಗರೂ ಮರಾಠರೂ ಒಂದೇ ಶಬ್ದದಿಂದ ಕರೆಯುವ ವಸ್ತುವಿನ ಮೂಲದಲ್ಲಿಯೇ ದೊರೆಯುತ್ತದೆ. ಬೆಳಗಾವಿಯ ಪುಸ್ತಕದಂಗಡಿಯಲ್ಲಿ ಎರಡು ಭಾಷೆಯವರೂ ನಿಂತು ‘ಕಾದಂಬರಿ’ಯನ್ನೇ ಕೇಳುತ್ತಾರೆ. ಆ ಹೆಸರನ್ನಿತ್ತ ಬಾಣಭಟ್ಟನ ಕೃತಿಯು ಪೂರ್ವಭಾಗ ಉತ್ತರಭಾಗಗಳೆಂದು ಎರಡಾಗಿದೆ. ಏಳನೆಯ ಶತಮಾನದಲ್ಲಿ ಬಾಣನು ಕಥೆಯನ್ನು ಮುಗಿಸದೆಯೇ ಸ್ವರ್ಗಸ್ಥನಾಗಲು, ಅವನ ಮಗನಾದ ಭೂಷಣಭಟ್ಟನು ಉಳಿದುದನ್ನು ಬರೆದನು. ಕವಿತ್ವದ ದರ್ಪದಿಂದಲ್ಲ, ಕಥೆಯು ಅಸಮಾಪ್ತವಾಗಿ ಉಳಿದುದಕ್ಕೆ ಸಜ್ಜನರು ಪಟ್ಟ ದುಃಖವನ್ನು ನೋಡಿ ಈ ಕಾರ್ಯಕ್ಕೆ ತೊಡಗಿದೆನೆಂದು ಅವನು ಆರಂಭದಲ್ಲಿಯೇ ನಿವೇದಿಸಿಕೊಂಡಿದ್ದಾನೆ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮನು ಎರಡು ಭಾಗಗಳನ್ನೂ ಕನ್ನಡ ಚಂಪುವಿಗೆ ತಂದು, ತಂದೆಮಕ್ಕಳ ಕೃತಿಯನ್ನು ಒಂದೇ ಕೈಯಿಂದ ನಮಗೆ ಕೊಟ್ಟನು.

ಆ ಉತ್ತರಭಾಗದಲ್ಲಿ ನಾಯಕನಾದ ಚಂದ್ರಾಪೀಡನು ಎದೆಯೊಡೆದು ಸಾಯುತ್ತಾನೆ. ಕೊನೆಗೆ ಜೀವಿಸಿ ಏಳುತ್ತಾನೆ. ಆದರೂ ಓದುವವನಿಗೆ ಮೋಸಹೋದಂತೆ ಅನಿಸುವುದಿಲ್ಲ. ಕಾರಣಗಳು ಎರಡು. ಮೊದಲನೆಯದಾಗಿ, ಆ ಪುನರ್ಜೀವನದ ಬೀಜವು ಪೂರ್ವಭಾಗದಲ್ಲಿಯೇ ಬಿದ್ದಿದೆ. ಪುಂಡರೀಕನು ಸತ್ತಾಗ ಚಂದ್ರನಿಂದ ಇಳಿದುಬಂದ ದಿವ್ಯಪುರುಷನು ಆ ದೇಹವನ್ನು ಎತ್ತಿಕೊಂಡು ಹೋಗುತ್ತ, ಮತ್ತೆ ಸಮಾಗಮವಾಗುವುದೆಂದು ಮಹಾಶ್ವೇತೆಗೆ ಅಭಯವಿತ್ತ ಸಂಗತಿಯನ್ನು ಬಾಣನೇ ಹೇಳಿದ್ದಾನೆ. ಶೂದ್ರಕನ ಸಭೆಗೆ ಬಂದ ಮಾತನಾಡುವ ಗಿಳಿಯನ್ನೂ ಅವನೇ ಮೊದಲಿಗಿಟ್ಟಿದ್ದಾನೆ. ಮಗನು ತಂದೆಯ ಗಂಟನ್ನು ಬಿಚ್ಚಿದನೇ ಹೊರತು ಹೊಸ ಹಗ್ಗವನ್ನು ತರಲಿಲ್ಲ. ಎರಡನೆಯದಾಗಿ, ಆ ಪುನರ್ಜೀವನವು ಪುಕ್ಕಟೆಯಾಗಿ ಬರಲಿಲ್ಲ. ಕಾದಂಬರಿಯು ಸಾಯಲು ಹೊರಟವಳು, ಅಶರೀರವಾಣಿಯ ಮಾತನ್ನು ನಂಬಿ ಪ್ರಿಯನ ನಿರ್ಜೀವ ದೇಹವನ್ನು ಕಾಯುತ್ತ ದಿನಗಳನ್ನು ಕಳೆಯುತ್ತಾಳೆ. ಬೀಜವಿದ್ದು, ಬೆಲೆಯೂ ಸಂದಮೇಲೆ ಸತ್ತವನು ಎದ್ದರೆ ಅದು ಪವಾಡವಾದರೂ ಸತ್ಯವೆನಿಸುವುದು.

ಮುಂದುವರಿಸುವವನು ತನ್ನ ಅಳತೆಯನ್ನು ಅರಿತಿರಬೇಕೆಂಬುದಕ್ಕೆ ಕರ್ನಾಟಕದಲ್ಲಿ ಇನ್ನೊಂದು ದೃಷ್ಟಾಂತವುಂಟು. ಜಿನಸೇನಾಚಾರ್ಯನು ಆದಿಪುರಾಣದ ೪೨ ಪರ್ವಗಳನ್ನೂ ಮುಂದಿನ ಪರ್ವದ ೩ ಶ್ಲೋಕಗಳನ್ನೂ ರಚಿಸಿ ನಿಲ್ಲಿಸಿದನು. ಶಿಷ್ಯನಾದ ಗುಣಭದ್ರನು ಅದನ್ನು ಮುಗಿಸಿ ಉತ್ತರಪುರಾಣವನ್ನೂ ಬರೆದನು. ಶಕ ೮೨೦ರಲ್ಲಿ, ಎಂದರೆ ಕ್ರಿ. ಶ. ೮೯೮ರಲ್ಲಿ, ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆಯು ಸಂದಿತೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಗುರುವು ಒಬ್ಬ ತೀರ್ಥಂಕರನ ಚರಿತ್ರೆಯನ್ನು ವಿಸ್ತರಿಸಿದನು. ಶಿಷ್ಯನು ಉಳಿದ ೨೩ ಜನರದನ್ನು ಸಂಗ್ರಹಿಸಿ ಹೇಳಿದನು. ಗುರುವಿಗಿಂತ ಎತ್ತರದ ದನಿ ತೆಗೆಯಬೇಕೆಂಬ ಹಟವು ಅವನಲ್ಲಿ ಕಾಣದು. ಮುಂದಿನ ಭಾಗವು ಹಿಂದಿನದಕ್ಕಿಂತ ದೊಡ್ಡದಾಗಿಯೇ ಇರಬೇಕೆಂಬ ಇಂದಿನ ಭ್ರಮೆಗೆ ಇದು ಒಳ್ಳೆಯ ಮದ್ದು.

ಹಾಗಾದರೆ ಭಯಾನಕದ ಮಾಲಿಕೆಯು ಬಾಡದೆ ಸಾಗುವ ಹಾದಿ ಯಾವುದು? ಬೇತಾಳನ ಕಥೆಗಳು ಅದನ್ನು ತೋರಿಸಿಕೊಟ್ಟಿವೆ. ಸೋಮದೇವನ ಕಥಾಸರಿತ್ಸಾಗರದಲ್ಲಿ ರಾಜನಾದ ತ್ರಿವಿಕ್ರಮಸೇನನು ಶ್ಮಶಾನದ ಮರದಿಂದ ಶವವನ್ನು ಇಳಿಸಿ ಹೆಗಲಿಗೇರಿಸುತ್ತಾನೆ. ಬೇತಾಳನು ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ಉತ್ತರ ಬಂದೊಡನೆ ಶವವು ಮರಕ್ಕೆ ಮರಳುತ್ತದೆ. ಅದೇ ರಾತ್ರಿ, ಅದೇ ಮರ, ಅದೇ ಹೆಣ. ಎರಡನೆಯ ಸಲಕ್ಕೆ ಹೆಣಗಳು ಎರಡಾಗಲಿಲ್ಲ, ಹತ್ತನೆಯ ಸಲಕ್ಕೆ ಹತ್ತಾಗಲಿಲ್ಲ. ಪ್ರತಿ ಸಲವೂ ಹೊಸದಾದುದು ಪ್ರಶ್ನೆಯೊಂದೇ; ಅದೂ ಯಾರದು ತಪ್ಪು, ಯಾರದು ತ್ಯಾಗ, ಯಾರಿಗೆ ಯಾರು ಸಲ್ಲಬೇಕು ಎಂಬ ಧರ್ಮದ ಪ್ರಶ್ನೆ. ಹೆಣದ ಭಾರವು ಮಾತ್ರ ಒಂದು ಸಲವೂ ಕಡಿಮೆಯಾಗಲಿಲ್ಲ. ರಾಜನು ಪ್ರತಿ ಸಲವೂ ಅದನ್ನು ಪೂರ್ತಿಯಾಗಿ ಹೊತ್ತನು. ಕೊನೆಯ ಪ್ರಶ್ನೆಗೆ ಉತ್ತರ ತೋರದೆ ಅವನು ಮೌನದಿಂದ ನಡೆದಾಗ ಮಾಲಿಕೆಯು ತಾನಾಗಿ ಮುಗಿಯಿತು. ಹೀಗೆ ಮುಂದುವರಿಯುವ ಕಾರಣವೂ ನಿಲ್ಲುವ ಕಾರಣವೂ ಆ ಕಥೆಯ ಒಡಲಲ್ಲಿಯೇ ಇವೆ.

ನಿಲ್ಲುವುದಕ್ಕೂ ಧೈರ್ಯ ಬೇಕು. ಇಂಗ್ಲೆಂಡಿನ ಮೇರಿ ಶೆಲ್ಲಿಯು ೧೮೧೮ರಲ್ಲಿ ಪ್ರಕಟಿಸಿದ ಫ್ರಾಂಕನ್‌ಸ್ಟೈನ್ ಎಂಬ ಕಾದಂಬರಿಯಲ್ಲಿ, ವಿದ್ಯಾಬಲದಿಂದ ಒಂದು ಭಯಂಕರ ಜೀವಿಯನ್ನು ಸೃಷ್ಟಿಸಿದ ಪಂಡಿತನಿಗೆ, ತನಗೊಬ್ಬ ಸಂಗಾತಿಯನ್ನು ಮಾಡಿಕೊಡೆಂದು ಆ ಜೀವಿಯೇ ಬೇಡುತ್ತದೆ. ಅವನು ಒಪ್ಪಿ, ಎರಡನೆಯದನ್ನು ಅರ್ಧ ಮಾಡಿ, ಇದರಿಂದ ಮುಂದೆ ಏನೇನಾದೀತೆಂದು ಯೋಚಿಸಿ, ತನ್ನ ಕೈಯಿಂದಲೇ ಅದನ್ನು ನಾಶಪಡಿಸುತ್ತಾನೆ. ಮೊದಲ ಸೃಷ್ಟಿಯಲ್ಲಿ ಅವನಿಗೆ ಈ ಆಲೋಚನೆಯು ಹುಟ್ಟಿರಲಿಲ್ಲ. ಮಾಡಬಲ್ಲೆನೆಂಬುದು ಮಾಡುವುದಕ್ಕೆ ಸಾಕಾದ ಕಾರಣವಲ್ಲವೆಂದು ಅವನು ಕಲಿತದ್ದು ಎರಡನೆಯದರ ಮುಂದೆ. ಕರ್ನಾಟಕದ ಜನರು ಮನೆಯ ಕದದ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಿರುಗಿಸುತ್ತಿದ್ದರು. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಈ ಬರಹವು ಕಾಣಿಸಿಕೊಂಡಿತು. ಸಿದ್ಧವಾಗದ ಉತ್ತರಭಾಗಕ್ಕೂ ಲೇಖಕನು ಅದೇ ಮಾತನ್ನು ಹೇಳಿದರೆ ತಪ್ಪಿಲ್ಲ.

ಇಷ್ಟು ವಿಚಾರದಿಂದ ನಿಶ್ಚಯವಾಗುವುದೇನೆಂದರೆ, ಉತ್ತರಭಾಗವನ್ನು ಬರೆಯುವುದು ನಿಷಿದ್ಧವಲ್ಲ. ಆದರೆ ಅದು ಋಣವನ್ನು ಹೊತ್ತುಕೊಂಡೇ ಹುಟ್ಟುವ ಗ್ರಂಥ. ಪೂರ್ವಭಾಗದ ನಿಯಮಗಳಿಗೆ ಅದು ಬದ್ಧ. ಅಲ್ಲಿ ಸತ್ತವರ ಸಾವಿಗೆ ಅದು ಸಾಕ್ಷಿ. ಅಲ್ಲಿ ಅತ್ತ ವಾಚಕರಿಗೆ ಅದು ಹೊಣೆ. ಹಿಂಡಲಗಾದ ತರುಣನು ಎರಡನೆಯ ಪುಸ್ತಕವನ್ನು ಬರೆಯಲಿ. ಹತ್ತು ಬಂಡಿಗಳನ್ನು ಓಡಿಸುವುದರ ಬದಲು, ಬಾಯ್ಲರು ಒಡೆದ ಮರುದಿನ ಆ ಹನ್ನೆರಡು ಮನೆಗಳಲ್ಲಿ ಏನಾಯಿತು, ಅವರಲ್ಲಿ ಒಬ್ಬಳು ತಾಯಿಯು ರಾತ್ರಿ ದೂರದಲ್ಲಿ ಸಿಳ್ಳನ್ನು ಕೇಳಿದಾಗ ಏನನ್ನು ಮಾಡಿದಳು ಎಂಬುದರಿಂದ ಮೊದಲುಮಾಡಲಿ. ಅಲ್ಲಿ ಭಯವು ತಾನಾಗಿ ಬರುವುದು. ಅದನ್ನು ಕರೆಯಲು ನೆತ್ತರಿನ ಹೊಳೆ ಬೇಕಾಗದು. ಓದುವವರೂ “ಮುಂದೇನು?” ಎಂದು ಕೇಳುವಾಗ, ಹಿಂದಿನದನ್ನು ಮರೆಯದೆ ಕೇಳುವವರಾಗಲಿ.