ಇಂದಿನ ಧಮ್ಮ ಚಿಂತನೆ: ಸುಬೇದಾರರ ಪಿಂಚಣಿ, ಹವಾಲ್ದಾರರ ಬೆರಳು



ನಿನ್ನೆ ಡಿಸೆಂಬರ್ 6, ಬಾಬಾಸಾಹೇಬರ ಮಹಾಪರಿನಿಬ್ಬಾಣ ದಿನ. ಮೇಣದ ಬತ್ತಿ ಹಚ್ಚಿದೆವು, ತ್ರಿಸರಣ ಪಂಚಶೀಲ ಹೇಳಿದೆವು, ಮನೆಗೆ ಹೋದೆವು. ಇವತ್ತು ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಬಾವುಟ ಕೊಟ್ಟು ಕಾಣಿಕೆ ಸಂಗ್ರಹಿಸುತ್ತಾರೆ. ಆ ಹಣ ಮಾಜಿ ಸೈನಿಕರಿಗೆ, ಮಡಿದವರ ಮನೆಯವರಿಗೆ ಸೇರಬೇಕಾದದ್ದು. ಕ್ಯಾಲೆಂಡರಿನಲ್ಲಿ ಅಕ್ಕಪಕ್ಕ ಬಂದಿರುವ ಈ ಎರಡು ದಿನಗಳು ನಮಗೆ ಬೇರೆಬೇರೆ ಅಲ್ಲ. ಬಾಬಾಸಾಹೇಬರು ಸೈನಿಕನ ಮಗ, ಸೈನಿಕನ ಮೊಮ್ಮಗ.

ಆದರೆ ಈ ಮಾತು ಇವತ್ತು ಬರೆಯಲು ಕಾರಣ ನಮ್ಮ ಬಳಗದ ಒಬ್ಬ ಹಿರಿಯರು. ಹೆಸರು ಬೇಡ, ಅವರಿಗೆ ಮುಜುಗರವಾಗುತ್ತದೆ. ಅಜ್ಜಂಪುರದ ಕಡೆಯವರು. ಊರಲ್ಲಿ ಮಿಲ್ಟ್ರಿ ತಾತ ಎಂದೇ ಕರೆಯುತ್ತಾರೆ. 17 ವರ್ಷ ಸೇನೆಯಲ್ಲಿದ್ದು ಹವಾಲ್ದಾರರಾಗಿ ಬಂದವರು. ಪ್ರತಿ ಆಗಸ್ಟ್ 15ಕ್ಕೆ ಅವರನ್ನು ಕರೆದು ಶಾಲು ಹೊದಿಸುತ್ತಾರೆ. ಮನೆಯ ಪೆಟ್ಟಿಗೆಯಲ್ಲಿ ಅಂಥ ಶಾಲುಗಳು ಬೇಕಾದಷ್ಟಿವೆ.

ಕಳೆದ ತಿಂಗಳು ಅವರು ಜೀವನ ಪ್ರಮಾಣ ಪತ್ರ ಮಾಡಿಸಲು ಎರಡು ಸಲ ಪೇಟೆಗೆ ಬಂದು ವಾಪಸ್ ಹೋದರು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಬದುಕಿದ್ದೇವೆ ಎಂದು ತೋರಿಸಬೇಕಷ್ಟೆ. ಬೆರಳಿಡುವ ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಬಂದೂಕು ಇಳಿಸಿದ ಮೇಲೆ ಗುದ್ದಲಿ ಹಿಡಿದ ಕೈ, ಈರುಳ್ಳಿ ಹೊಲದ ಮಣ್ಣಲ್ಲಿ ಗೆರೆಯೆಲ್ಲ ಸವೆದುಹೋಗಿದೆ. "ಇನ್ನೊಂದು ದಿನ ಬನ್ನಿ" ಎಂದು ಕಳಿಸಿದರಂತೆ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕಿ, "ನೋಡಿ ಮೇಷ್ಟ್ರೇ, ನಾನಿನ್ನೂ ಸತ್ತಿಲ್ಲ ಅಂತ ಸಾಬೀತು ಮಾಡಕ್ಕೆ ಆಗ್ತಿಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವರು ದೀಕ್ಷೆ ತೆಗೆದುಕೊಂಡ ಹೊಸದರಲ್ಲಿ ಕೇಳಿದ ಒಂದು ಪ್ರಶ್ನೆ ಆಗ ನೆನಪಾಯಿತು. ಪಂಚಶೀಲ ಹೇಳುವಾಗ ಅವರು ಮೊದಲ ಶೀಲಕ್ಕೆ ಸುಮ್ಮನಾಗುತ್ತಿದ್ದರು. ಎರಡನೆಯದರಿಂದ ದನಿ ಸೇರಿಸುತ್ತಿದ್ದರು. ಒಂದು ದಿನ ಕೇಳಿದೆ. "ನಾನು ಗುಂಡು ಹಾರಿಸಿದವನು ಮೇಷ್ಟ್ರೇ. ಯಾರಿಗೆ ತಾಗ್ತೋ ಗೊತ್ತಿಲ್ಲ. ಪ್ರಾಣ ತೆಗೆಯಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?" ಎಂದರು.

ಸಂಯುತ್ತ ನಿಕಾಯದಲ್ಲಿ ಯೋಧಾಜೀವ ಎಂಬೊಬ್ಬ ಬರುತ್ತಾನೆ. ಯುದ್ಧವನ್ನೇ ವೃತ್ತಿ ಮಾಡಿಕೊಂಡವರ ಮುಖಂಡ. ರಣರಂಗದಲ್ಲಿ ಕಾದಾಡುತ್ತ ಸತ್ತವನು ದೇವತೆಗಳ ಲೋಕಕ್ಕೆ ಹೋಗುತ್ತಾನೆ ಎಂದು ನಮ್ಮ ಹಿಂದಿನ ಆಚಾರ್ಯರು ಹೇಳುತ್ತಾರೆ, ತಾವೇನು ಹೇಳುತ್ತೀರಿ ಎಂದು ಅವನು ಭಗವಾನರನ್ನು ಕೇಳಿದ. ಭಗವಾನರು ಬಿಟ್ಟುಬಿಡು, ಕೇಳಬೇಡ ಎಂದರು. ಎರಡನೇ ಸಲವೂ ಹಾಗೇ ಎಂದರು. ಮೂರನೇ ಸಲ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಎದುರಿಗಿರುವವರು ಸಾಯಲಿ, ನಾಶವಾಗಲಿ ಎಂದು ಕುದಿಯುವ ಮನಸ್ಸಿನಲ್ಲಿ ಸತ್ತವನಿಗೆ ಸ್ವರ್ಗವಿಲ್ಲ, ದುರ್ಗತಿಯೇ. ಆ ಯೋಧ ಅತ್ತ. ಇದಕ್ಕೇ ನಿನ್ನನ್ನು ತಡೆದೆ ಎಂದರು ಭಗವಾನರು. ತಾನು ಅಳುತ್ತಿರುವುದು ತಮ್ಮ ಮಾತಿಗಲ್ಲ, ಇಷ್ಟು ಕಾಲ ಆ ಹಳೆಯ ಆಚಾರ್ಯರು ತನ್ನನ್ನು ವಂಚಿಸಿದ್ದಕ್ಕೆ ಎಂದು ಅವನು ಹೇಳಿದ. ಆಮೇಲೆ ಶರಣು ಹೋದ.

ಕಟುವಾದ ಮಾತು ಇದು. ಧ್ವಜ ದಿನದಂದು ಯಾಕೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ನಿಕಾಯದಲ್ಲಿರುವುದನ್ನು ನಾವು ಮುಚ್ಚಿಡುವವರಲ್ಲ. ಭಗವಾನರು ಆ ಯೋಧನನ್ನು ಬೈಯಲಿಲ್ಲ, ದೂರ ಕೂರಿಸಲಿಲ್ಲ ಎಂಬುದನ್ನೂ ನೋಡಬೇಕು. ಅವನಿಗೆ ಸುಳ್ಳು ಭರವಸೆ ಕೊಟ್ಟು ಸಾಯಲು ಕಳಿಸಿದವರನ್ನು ಬಯಲು ಮಾಡಿದರು, ಅಷ್ಟೆ. ಅವನು ಕೇಳಿದ್ದು ರಣದಲ್ಲೇ ಸತ್ತವನ ಬಗ್ಗೆ. ನಮ್ಮ ತಾತ ಬದುಕಿ ಮನೆಗೆ ಬಂದವರು. ಬಂದವನಿಗೆ ಕಾಲ ಇದೆ. ಅಂಗುಲಿಮಾಲನಿಗೇ ಬಾಗಿಲು ಮುಚ್ಚದ ಧಮ್ಮ ಇದು. 'ಸಮಾದಿಯಾಮಿ' ಎಂದರೆ ಕೈಗೊಳ್ಳುತ್ತೇನೆ ಎಂದರ್ಥ. ಹಿಂದೆ ನಾನೇನೂ ಮಾಡಿಲ್ಲ ಎಂಬ ಪ್ರಮಾಣ ಪತ್ರ ಅಲ್ಲ ಅದು, ಇವತ್ತಿನಿಂದ ಹೀಗೆ ನಡೆಯಲು ಕಲಿಯುತ್ತೇನೆ ಎನ್ನುವ ಮಾತು. ಇಷ್ಟನ್ನು ನನಗೆ ತಿಳಿದ ಹಾಗೆ ಅವರಿಗೆ ಹೇಳಿದೆ. ಮುಂದಿನ ವಾರ ಮೊದಲ ಶೀಲಕ್ಕೂ ಅವರ ದನಿ ಕೇಳಿಸಿತು. ಸ್ವಲ್ಪ ಜೋರಾಗಿಯೇ.

ಯೋಧಾಜೀವನಿಗೆ ಆಚಾರ್ಯರು ಹೇಳಿದ್ದ ಕತೆ ನಮ್ಮ ಸೀಮೆಯಲ್ಲೂ ಕಲ್ಲಲ್ಲೇ ಇದೆ. ಕಡೂರು ತರೀಕೆರೆ ಸೀಮೆಯಲ್ಲಿ ಓಡಾಡಿದವರು ವೀರಗಲ್ಲು ನೋಡಿರುತ್ತೀರಿ. ಕೆಳಗಿನ ಪಟ್ಟಿಯಲ್ಲಿ ವೀರ ಕಾದಾಡುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಹೆಚ್ಚಿನ ಜನ ನೋಡುವುದು ಇಷ್ಟೇ. ಆದರೆ ವೀರಗಲ್ಲಿನ ಶಾಸನಗಳಲ್ಲಿ ಇನ್ನೊಂದು ಮಾತು ಬರುತ್ತದೆ: ನೆತ್ತರುಗೊಡಗೆ. ನೆತ್ತರು ಸುರಿಸಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಆ ಕಾಲದವರಿಗೂ ಗೊತ್ತಿತ್ತು, ಅಪ್ಸರೆಯರ ಚಿತ್ರ ಕೆತ್ತಿಸಿದರೆ ಹೆಂಡತಿ ಮಕ್ಕಳ ಹೊಟ್ಟೆ ತುಂಬುವುದಿಲ್ಲ ಎಂದು. ಬುದ್ಧರ ಮಾತು ಕೇಳಿದರೆ ಆ ಕಲ್ಲಿನ ಮೇಲಿನ ಎರಡು ಪಟ್ಟಿ ಅಳಿಸಿಹೋಗುತ್ತವೆ. ನೆತ್ತರುಗೊಡಗೆ ಅಳಿಸಿಹೋಗುವುದಿಲ್ಲ. ಸಿಗಾಲೋವಾದ ಸುತ್ತದಲ್ಲಿ ದುಡಿಸಿಕೊಳ್ಳುವವನ ಕರ್ತವ್ಯಗಳನ್ನು ಭಗವಾನರು ಹೇಳಿದ್ದಾರೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ಒಳ್ಳೆಯ ತಿನಿಸಿನಲ್ಲಿ ಪಾಲು, ಹೊತ್ತಿಗೆ ಬಿಡುವು. ದೇಶವೇ ಒಬ್ಬನನ್ನು ದುಡಿಸಿಕೊಂಡಿದ್ದರೂ ಲೆಕ್ಕ ಇದೇ.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರ ಇದೆಯಲ್ಲ, ಆ ದನಗಳು ಮೈಸೂರಿನ ಸೈನ್ಯಕ್ಕೆ ತೋಪು, ಸಾಮಾನು ಎಳೆಯಲು ಸಾಕಿದ ದನಗಳು. ಅವುಗಳಿಗೆಂದೇ ಕಾವಲುಗಳನ್ನು ಮೀಸಲಿಟ್ಟರು. ಯುದ್ಧಕ್ಕೆ ದುಡಿಯುವ ಎತ್ತಿಗೆ ಹುಲ್ಲುಗಾವಲು ಕಾದಿಟ್ಟ ನಾಡು ಇದು. ಮನುಷ್ಯನಿಗೆ ಅಷ್ಟಾದರೂ ಬೇಡವೇ ಎಂದು ನನಗೆ ಆ ಕಡೆ ಹೋದಾಗಲೆಲ್ಲ ಅನಿಸುತ್ತದೆ.

ಈಗ ಬಾಬಾಸಾಹೇಬರ ಮನೆಗೆ ಬರೋಣ. ತಂದೆ ರಾಮಜಿ ಸಕ್ಪಾಲರು ಸೇನೆಯ ಶಾಲೆಯಲ್ಲಿ ಮೇಷ್ಟರಾಗಿದ್ದ ಸುಬೇದಾರರು. 1891ರಲ್ಲಿ ಮಹೂ ದಂಡಿನಲ್ಲಿ ಭೀಮರಾವ್ ಹುಟ್ಟಿದರು. ಕಂಪನಿಯ ಸೇನೆಯಲ್ಲಿ ಸೈನಿಕರ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಓದಲೇಬೇಕೆಂಬ ನಿಯಮವಿತ್ತು. ಆ ಓದು ಆ ಮನೆಗೆ ಅಲ್ಲಿಂದ ಬಂತು. ನಿವೃತ್ತಿಯಾದ ಮೇಲೆ ಮುಂಬೈಯ ಚಾಳಿನ ಕೋಣೆಯಲ್ಲಿದ್ದಾಗ ಮಗ ಹೊಸ ಪುಸ್ತಕ ಕೇಳಿದರೆ ರಾಮಜಿ ಇಲ್ಲ ಎನ್ನುತ್ತಿರಲಿಲ್ಲ. ಕೈಯಲ್ಲಿ ಹಣವಿಲ್ಲದಿದ್ದರೆ ಮದುವೆಯಾದ ಮಗಳ ಮನೆಗೆ ಹೋಗಿ ಒಡವೆ ಇಸಿದುಕೊಂಡು ಅಡವಿಟ್ಟು ಪುಸ್ತಕ ತರುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿ ವಾಪಸ್ ಕೊಡುತ್ತಿದ್ದರು. ಸಂವಿಧಾನ ಬರೆದ ಕೈಗೆ ಮೊದಲು ಪುಸ್ತಕ ಕೊಟ್ಟದ್ದು ಒಬ್ಬ ಮಾಜಿ ಸೈನಿಕನ ಪಿಂಚಣಿ. ಅದನ್ನು ಯಾರೋ ಕೊಟ್ಟ ಭಿಕ್ಷೆ ಎಂದು ನಾವು ತಿಳಿಯಬಾರದು, ದುಡಿದ ಹಣ ಅದು.

ಅದೇ ಸುಬೇದಾರರ ಮಕ್ಕಳು 1901ರಲ್ಲಿ ತಂದೆಯನ್ನು ನೋಡಲು ಗೋರೆಗಾಂವ್‌ಗೆ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೆಯ ಬಟ್ಟೆ ತೊಟ್ಟಿದ್ದ ಹುಡುಗರನ್ನು ಸ್ಟೇಷನ್ ಮಾಸ್ತರು ಮೊದಲು ಅಕ್ಕರೆಯಿಂದ ವಿಚಾರಿಸಿದರು. ಮಹಾರರು ಎಂದು ತಿಳಿದ ಕೂಡಲೇ ಮುಖ ಬದಲಾಯಿತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಗಾಡಿ ಹುಡುಗರೇ ಹೊಡೆಯಬೇಕು ಎಂಬ ಕರಾರಿನ ಮೇಲೆ. ಬುತ್ತಿ ಇತ್ತು, ಕುಡಿಯಲು ನೀರು ಕೊಡುವವರಿರಲಿಲ್ಲ. ಹಸಿದೇ ಮಲಗಿದರು. ಅಪ್ಪನ ಹೆಗಲ ಮೇಲಿದ್ದ ಪಟ್ಟಿ ಮಕ್ಕಳಿಗೆ ಒಂದು ಲೋಟ ನೀರು ತರಲಿಲ್ಲ.

ನಮ್ಮ ಮಿಲ್ಟ್ರಿ ತಾತನೂ ಇಂಥದೇ ಮಾತು ಹೇಳುತ್ತಾರೆ. ಲಂಗರಿನಲ್ಲಿ ಒಂದೇ ಕೊಪ್ಪರಿಗೆ, ಎಲ್ಲರ ತಟ್ಟೆಗೂ ಅದೇ ಸೌಟು. ರಜೆಗೆ ಬಂದರೆ ಊರಿನ ಹೋಟೆಲಿನಲ್ಲಿ ಲೋಟ ಬೇರೆ. "ಗಡಿಯಲ್ಲಿ ಕಾವಲು ಕಾಯೋವಾಗ ನನ್ನ ನೆರಳು ಯಾರಿಗೂ ಮೈಲಿಗೆ ಆಗಿರಲಿಲ್ಲ" ಎನ್ನುತ್ತಾರೆ, ಸಿಟ್ಟಿಲ್ಲದೆ. ಸಿಟ್ಟು ನಮಗೇ ಬರಬೇಕು.

ಇತಿಹಾಸದ ಇನ್ನೊಂದು ವಿಷಯವನ್ನು ನಮ್ಮ ಯುವಕರು ತಿಳಿದಿರಬೇಕು. ಮಹಾರರನ್ನು ಸೇನೆಗೆ ಸೇರಿಸಿಕೊಳ್ಳುವುದನ್ನು ಬ್ರಿಟಿಷರು 1890ರ ದಶಕದಲ್ಲಿ ನಿಲ್ಲಿಸಿದರು. ಅದನ್ನು ಪ್ರಶ್ನಿಸಿದವರು ಯಾರು? ಗೋಪಾಲ ಬಾಬಾ ವಲಂಗಕರ್ ಅಂಥವರು, ಅಂದರೆ ನಿವೃತ್ತ ಸೈನಿಕರು. ಅಸ್ಪೃಶ್ಯತೆಯ ವಿರುದ್ಧ 1888ರಲ್ಲೇ ಪುಸ್ತಕ ಬರೆದವರು ಅವರು. ಊರಿನವರು ಕೊಡುವ ಆಯದ ಕಾಳಿಗೆ ಕೈಚಾಚಬೇಕಾದವನು ಬಾಯಿ ಬಿಡುವುದು ಕಷ್ಟ. ಪಿಂಚಣಿ ಇದ್ದವನಿಗೆ ಆ ಹಂಗಿರಲಿಲ್ಲ. ನಮ್ಮ ಚಳವಳಿಯ ಮೊದಲ ದನಿ ಪಿಂಚಣಿದಾರರ ದನಿ. ಬಾಬಾಸಾಹೇಬರು 1927ರ ಜನವರಿ 1ರಂದು ಭೀಮಾ ಕೋರೆಗಾಂವ್ ಸ್ತಂಭಕ್ಕೆ ಹೋದದ್ದನ್ನೂ ಹೀಗೇ ನೋಡಬೇಕು. ಆ ಸ್ತಂಭದ ಮೇಲೆ ಅಪ್ಸರೆಯರಿಲ್ಲ, ಹೆಸರುಗಳಿವೆ. 1941ರಲ್ಲಿ ಅವರು ರಕ್ಷಣಾ ಸಲಹಾ ಮಂಡಳಿಯಲ್ಲಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದರು.

ಇಷ್ಟೆಲ್ಲ ಗೊತ್ತಿದ್ದೂ ನಾವು ಏನು ಮಾಡುತ್ತಿದ್ದೇವೆ? ಯೋಧ ನಿವೃತ್ತನಾಗಿ ಬಂದ ದಿನ ಕಡೂರೋ ಬೀರೂರೋ ಸ್ಟೇಷನ್ನಿಗೆ ಹಾರ ಹಿಡಿದು ಹೋಗುತ್ತೇವೆ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುತ್ತೇವೆ, ಸ್ಟೇಟಸ್ ಹಾಕುತ್ತೇವೆ. ತಪ್ಪೇನಿಲ್ಲ. ಅದು ಮೊದಲ ದಿನದ ಮಾತು. ಇಪ್ಪತ್ತನೇ ವರ್ಷದಲ್ಲಿ ಅವನ ಮನೆ ಬಾಗಿಲಿಗೆ ಯಾರು ಹೋಗುತ್ತಾರೆ?

ವಿನಯ ಪಿಟಕದ ಆ ರೋಗಿ ಭಿಕ್ಖುವಿನ ಪ್ರಸಂಗ ನಿಮಗೆ ಗೊತ್ತಿರುವುದೇ. ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ. ಭಗವಾನರೂ ಆನಂದರೂ ಸೇರಿ ತೊಳೆದು ಮಂಚದ ಮೇಲೆ ಮಲಗಿಸಿದರು. ಉಳಿದವರು ಯಾಕೆ ನೋಡಿಕೊಳ್ಳಲಿಲ್ಲ ಎಂದು ವಿಚಾರಿಸಿದರೆ ಬಂದ ಉತ್ತರ: ಅವನಿಂದ ಸಂಘಕ್ಕೆ ಏನೂ ಉಪಯೋಗವಿರಲಿಲ್ಲ. ಈ ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಈಗ. "ಇನ್ನೊಂದು ದಿನ ಬನ್ನಿ" ಎನ್ನುತ್ತಾರೆ.

ತಾತನ ಪತ್ರ ಕೊನೆಗೆ ಆಯಿತು. ಬಳಗದ ಒಬ್ಬ ಹುಡುಗಿ ತನ್ನ ಮೊಬೈಲಿನಲ್ಲೇ ಮುಖ ತೋರಿಸಿ ಮಾಡುವ ವಿಧಾನದಲ್ಲಿ ಮುಗಿಸಿದಳು. ಬೆರಳು ಬೇಕಾಗಲೇ ಇಲ್ಲ. ಆದರೆ ಕಾಗದಗಳನ್ನು ತೆಗೆದು ನೋಡಿದಾಗ ಅದಕ್ಕಿಂತ ದೊಡ್ಡ ತೊಡಕು ಕಂಡಿತು. ಅಜ್ಜಿಯ ಹೆಸರು ಸೇನೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಮದುವೆಯಾದ ಹೊಸದರಲ್ಲಿ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಸಿದ್ದಾರೆ. ತಾತ ಇರುವವರೆಗೆ ಇದು ಯಾರಿಗೂ ಕಾಣುವುದಿಲ್ಲ. ಅವರ ನಂತರ ಕುಟುಂಬ ಪಿಂಚಣಿಗೆ ಅಜ್ಜಿ ಅರ್ಜಿ ಹಾಕಿದಾಗ, ನೀನು ಇವಳಲ್ಲ ಎನ್ನುತ್ತದೆ ಕಾಗದ. ಗಂಡ ಬದುಕಿರುವಾಗಲೇ ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿಗೆ ಬರೆದು ಸರಿಪಡಿಸಿಕೊಳ್ಳುವುದು ಸುಲಭ. ಆಮೇಲೆ ಆ ತಾಯಿ ಕೋಲೂರಿಕೊಂಡು ಅಲೆಯಬೇಕು.

15 ವರ್ಷ ತುಂಬುವ ಮೊದಲೇ ಮನೆಗೆ ಬಂದು ಪಿಂಚಣಿಯೇ ಇಲ್ಲದವರೂ ನಮ್ಮ ಕೇರಿಗಳಲ್ಲಿರಬಹುದು. 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಅಂಥವರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯಿಂದ ತಿಂಗಳ ಸಹಾಯಧನ ಇದೆ. ಅರ್ಜಿಯನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಹಾಕಬೇಕು. ಇದು ಗೊತ್ತಿಲ್ಲದೆ ಕೂಲಿ ಮಾಡಿಕೊಂಡೇ ಸತ್ತವರೂ ಇದ್ದಾರೆ. ಇನ್ನು 2022ರಲ್ಲಿ ಬಂದ ಅಗ್ನಿಪಥದಲ್ಲಿ 4 ವರ್ಷಕ್ಕೆ ಸೇರುವ ಹುಡುಗರಲ್ಲಿ ಸೇನೆಯಲ್ಲಿ ಉಳಿಯುವವರು 100ಕ್ಕೆ 25 ಮಂದಿಯವರೆಗೆ ಮಾತ್ರ. ಉಳಿದವರು ಒಂದು ಇಡುಗಂಟಿನೊಂದಿಗೆ, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಬರುತ್ತಾರೆ. ರಾಮಜಿಯವರ ಮನೆಯಲ್ಲಿ ಪಿಂಚಣಿ ಮಾಡಿದ ಕೆಲಸವನ್ನು ಈ ಹುಡುಗರ ಮನೆಯಲ್ಲಿ ಯಾವುದು ಮಾಡುತ್ತದೆ ಎಂದು ನಾನು ಯೋಚಿಸುತ್ತಲೇ ಇದ್ದೇನೆ. ಉತ್ತರ ಸಿಕ್ಕಿಲ್ಲ. ಆ ಹಣ ಮದುವೆಗೂ ಬೈಕಿಗೂ ಕರಗದ ಹಾಗೆ ಅವರ ಜೊತೆ ಕೂತು ಮಾತಾಡುವವರಾದರೂ ಬಳಗದಲ್ಲಿ ಇರಬೇಕು.

ಬರುವ ಭಾನುವಾರ ವಂದನೆ ಮುಗಿದ ಮೇಲೆ ಮಾಜಿ ಸೈನಿಕರು, ಅವರ ಮನೆಯ ತಾಯಂದಿರು ಕಾಗದಗಳನ್ನು ತನ್ನಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಗಂಡ ಹೆಂಡತಿ ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್. ಹೆಸರು, ಹುಟ್ಟಿದ ದಿನ ಎಲ್ಲದರಲ್ಲೂ ಒಂದೇ ಇದೆಯೇ ನೋಡೋಣ. ನವೆಂಬರಿನಲ್ಲಿ ಜೀವನ ಪ್ರಮಾಣ ಆಗದೆ ಉಳಿದವರು ಮೊದಲು ಬನ್ನಿ. ಸ್ಮಾರ್ಟ್‌ಫೋನ್ ಚೆನ್ನಾಗಿ ಬಲ್ಲ ಹುಡುಗ ಹುಡುಗಿಯರು ನಾಲ್ವರು ಬೇಕು, ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ. ನಡೆಯಲಾಗದ ಹಿರಿಯರಿದ್ದರೆ ಊರ ಹೆಸರು ತಿಳಿಸಿ, ತರೀಕೆರೆ ಕಡೆಗೆ ಒಂದು ಬೈಕು, ಅಜ್ಜಂಪುರದ ಕಡೆಗೆ ಒಂದು ಬೈಕು ಹೊರಡುತ್ತದೆ. ಮಿಲ್ಟ್ರಿ ತಾತ ತಾವೂ ಬರುವುದಾಗಿ ಹೇಳಿದ್ದಾರೆ, ಸಾಲು ನಿಲ್ಲಿಸುವ ಕೆಲಸ ತಮ್ಮದಂತೆ.

ನಮೋ ಬುದ್ಧಾಯ. ಜೈ ಭೀಮ್.