ಔಷಧದಾನವೂ ಔಷಧ ವ್ಯಾಪಾರವೂ

ಶ್ರಾವಕನ ನಿತ್ಯ ಷಟ್ಕರ್ಮಗಳಲ್ಲಿ ದಾನವೂ ಒಂದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ವಿಧವೆಂಬುದು ಜೈನ ಮನೆತನಗಳ ಮಕ್ಕಳಿಗೂ ತಿಳಿದ ವಿಷಯವೇ ಆಗಿದೆ. ಪರ್ವದಿನಗಳಲ್ಲಿ ಬಸದಿಯ ಆಡಳಿತ ಮಂಡಲಿಯವರು ಉಚಿತ ಶಿಬಿರ ನಡೆಸಿ ಮಾತ್ರೆಗಳನ್ನು ಹಂಚಿದರೆ ಅದನ್ನು ಎಲ್ಲರೂ ಪುಣ್ಯಕಾರ್ಯವೆಂದು ಕೊಂಡಾಡುತ್ತಾರೆ. ಆದರೆ ಅದೇ ಮಾತ್ರೆಯನ್ನು ವರ್ಷದ ಎಲ್ಲ ದಿನಗಳಲ್ಲಿಯೂ ಬೆಲೆಗೆ ಮಾರುವ ಅಂಗಡಿಯವನ ಸ್ಥಾನ ಯಾವುದು? ಅವನು ಬಟ್ಟೆಯನ್ನೋ ಬೆಲ್ಲವನ್ನೋ ಮಾರುವ ವರ್ತಕನಿಗೆ ಸಮಾನನೆ? ಅಥವಾ ಹಣ ಪಡೆದರೂ ಔಷಧದಾನದ ಧರ್ಮದಲ್ಲಿ ಅವನಿಗೊಂದು ಪಾಲುಂಟೆ? ಇದು ಮೇಲುನೋಟಕ್ಕೆ ಚಿಕ್ಕ ಪ್ರಶ್ನೆಯೆಂದು ತೋರಿದರೂ ಇದರಲ್ಲಿ ಅನೇಕರ ಜೀವದ ಪ್ರಶ್ನೆ ಅಡಗಿದೆ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಾಗಲಿ, ಗುಬ್ಬಿಯ ಪೇಟೆಯಲ್ಲಾಗಲಿ, ಕುಣಿಗಲಿನ ಬಸ್ ನಿಲ್ದಾಣದ ಸುತ್ತಿನಲ್ಲಾಗಲಿ ಸಂಜೆಯ ವೇಳೆ ಔಷಧದ ಅಂಗಡಿಗಳ ಮುಂದೆ ನಿಂತವರನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವರಲ್ಲಿ ಹಲವರ ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ. ಅಡಿಕೆ ಸುಲಿದು ಬಂದ ಹೆಂಗಸು, ತೆಂಗಿನಕಾಯಿ ಲಾರಿಗೆ ಹೇರಿದ ಕೂಲಿಯಾಳು, ವಸಂತನರಸಾಪುರದ ಕಾರ್ಖಾನೆಯ ಕೆಲಸಗಾರ ಇಂಥವರು ತಮ್ಮ ಬಾಧೆಯನ್ನು ಬಾಯಲ್ಲಿ ಹೇಳಿ ಔಷಧ ಕೇಳುತ್ತಾರೆ. ಸರಕಾರಿ ಆಸ್ಪತ್ರೆಯಲ್ಲಿ ಸಾಲು ನಿಂತರೆ ಅಂದಿನ ಕೂಲಿ ಹೋಗುತ್ತದೆ. ಖಾಸಗಿ ವೈದ್ಯರಿಗೆ ಶುಲ್ಕ ಕೊಡಬೇಕು. ಅಂಗಡಿಯವನಿಗೆ ಶುಲ್ಕವಿಲ್ಲ, ಅವನು ರಾತ್ರಿಯವರೆಗೂ ಇರುತ್ತಾನೆ, ಪರಿಚಿತನೂ ಆಗಿರುತ್ತಾನೆ. ಹೀಗೆ ಯಾರೂ ನೇಮಿಸದೆಯೇ ಅವನು ಊರಿನ ಆರೋಗ್ಯರಕ್ಷಣೆಯ ಮೊದಲ ಮೆಟ್ಟಿಲಾಗಿದ್ದಾನೆ. ಮೆಟ್ಟಿಲು ಗಟ್ಟಿಯಾಗಿದ್ದರೆ ರೋಗಿ ಮೇಲೇರುತ್ತಾನೆ. ಸಡಿಲವಾಗಿದ್ದರೆ ಅಲ್ಲಿಯೇ ಜಾರುತ್ತಾನೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಔಷಧದಾನಕ್ಕೆ ದೃಷ್ಟಾಂತವಾಗಿ ವೃಷಭಸೇನೆಯನ್ನು ಹೆಸರಿಸಿದ್ದಾರೆ. ಆಕೆಯ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಿಂದಿನ ಭವದಲ್ಲಿ ಆಕೆ ಮುನಿಯೊಬ್ಬರಿಗೆ ಉಪದ್ರವವನ್ನುಂಟುಮಾಡಿ, ಬಳಿಕ ಪಶ್ಚಾತ್ತಾಪಪಟ್ಟು, ಔಷಧೋಪಚಾರದಿಂದ ಅವರ ಸೇವೆ ಮಾಡಿದಳೆಂದು ಕಥೆ ಹೇಳುತ್ತದೆ. ಕೈಯೆತ್ತಿ ಕೊಟ್ಟ ಮಾತ್ರಕ್ಕೆ ದಾನ ಮುಗಿಯಲಿಲ್ಲ. ರೋಗಿಯ ಹತ್ತಿರ ನಿಂತು, ಬಾಧೆ ಶಮನವಾಯಿತೇ ಎಂದು ನೋಡುವವರೆಗೆ ಅದು ಮುಂದುವರಿಯಿತು.

ಕರ್ನಾಟಕದ ಜೈನ ಪರಂಪರೆಯು ಔಷಧವನ್ನು ಶಾಸ್ತ್ರದಿಂದ ಎಂದೂ ಬೇರ್ಪಡಿಸಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿ, ಚಿಕಿತ್ಸೆಯಲ್ಲಿ ಮಾಂಸದ ಬಳಕೆಯನ್ನು ಖಂಡಿಸಿದರು. ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಅದೇ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಗೋವೈದ್ಯವನ್ನು ಬರೆದು ಮೂಕಪ್ರಾಣಿಗಳ ರೋಗಗಳನ್ನು ಕುರಿತು ಹೇಳಿದನು. ೧೪ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯದ ಗ್ರಂಥ. ಇವರಲ್ಲಿ ಕನ್ನಡದಲ್ಲಿ ಬರೆದವರು ಆ ವಿದ್ಯೆಯನ್ನು ದೇಶಭಾಷೆಯ ಓದುಗರಿಗೆ ಎಟುಕಿಸಿದರು. ಔಷಧದ ಜೊತೆಗೆ ಅದರ ಅರಿವನ್ನೂ ಕೊಡಬೇಕೆಂಬುದು, ಎಂದರೆ ಔಷಧದಾನಕ್ಕೆ ಶಾಸ್ತ್ರದಾನವೂ ಕೂಡಬೇಕೆಂಬುದು, ಈ ಪರಂಪರೆಯ ತಾತ್ಪರ್ಯ. ಅರಿವಿಲ್ಲದೆ ಕೊಟ್ಟ ಔಷಧಕ್ಕೂ ವಿಷಕ್ಕೂ ನಡುವಿನ ಗೆರೆ ಬಹಳ ತೆಳುವಾದುದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು ಸೇರಿಸುತ್ತದೆ. ಕೊಲ್ಲುವ ಸಂಕಲ್ಪ ಇಲ್ಲದಿದ್ದರೂ ಅಜಾಗರೂಕತೆಯಿಂದ ನಡೆದವನು ದೋಷದಿಂದ ಪಾರಾಗುವುದಿಲ್ಲ. ಗೃಹಸ್ಥನಿಗೆ ಉದ್ಯೋಗದಲ್ಲಿ ಸಂಭವಿಸುವ ಹಿಂಸೆಯನ್ನು ಪೂರ್ಣವಾಗಿ ಬಿಡಲು ಸಾಧ್ಯವಿಲ್ಲವೆಂದು ಆಚಾರ್ಯರು ಒಪ್ಪಿದ್ದಾರೆ. ಆದರೆ ಪ್ರಮಾದಕ್ಕೆ ಅವರು ರಿಯಾಯಿತಿ ಕೊಟ್ಟಿಲ್ಲ. ಈ ಅಳತೆಗೋಲನ್ನು ಔಷಧದ ಅಂಗಡಿಯ ಕೌಂಟರಿನ ಮೇಲಿಟ್ಟು ನೋಡಬೇಕು.

ನೆಗಡಿ, ಗಂಟಲುನೋವು, ಮೈಕೈ ನೋವು ಎಂದು ಬಂದವನಿಗೆ ಎರಡು ಆಂಟಿಬಯಾಟಿಕ್ ಮಾತ್ರೆಗಳನ್ನು ಕತ್ತರಿಸಿ ಕೊಡುವುದು ಹಲವು ಕಡೆ ರೂಢಿಯಾಗಿದೆ. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರುವುದು. ಅದರ ಮೇಲೆ ಆಂಟಿಬಯಾಟಿಕ್‌ಗೆ ಯಾವ ಪರಿಣಾಮವೂ ಇಲ್ಲ. ಬ್ಯಾಕ್ಟೀರಿಯಾದಿಂದ ಬಂದ ರೋಗವೇ ಆದರೂ ಎರಡೇ ಮಾತ್ರೆಗಳಿಂದ ಅದು ತೀರುವ ಭರವಸೆಯಿಲ್ಲ. ದುರ್ಬಲ ಕ್ರಿಮಿಗಳು ಸತ್ತು, ಔಷಧವನ್ನು ತಡೆದುಕೊಳ್ಳಬಲ್ಲವು ಉಳಿದು ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ೧೯೪೫ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ, ಆ ಔಷಧ ಅಂಗಡಿಗಳಲ್ಲಿ ಯಾರಿಗೆ ಬೇಕಾದರೂ ಸಿಗುವ ಕಾಲ ಬಂದರೆ ಅಜ್ಞಾನದಿಂದ ಕಡಿಮೆ ಪ್ರಮಾಣದಲ್ಲಿ ಸೇವಿಸಿ ಕ್ರಿಮಿಗಳಿಗೆ ಪ್ರತಿರೋಧವನ್ನು ಕಲಿಸುವ ಅಪಾಯವಿದೆಯೆಂದು ಎಚ್ಚರಿಸಿದ್ದರು. ೨೦೨೨ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದಲೇ ೨೦೧೯ರಲ್ಲಿ ಜಗತ್ತಿನಲ್ಲಿ ೧೨.೭ ಲಕ್ಷ ಜನ ಸತ್ತರು. ಅವರನ್ನು ಯಾರೂ ಕೊಲ್ಲಲು ಉದ್ದೇಶಿಸಿರಲಿಲ್ಲ. ಇದು ಬಹು ಜನರ ಸಣ್ಣ ಸಣ್ಣ ಪ್ರಮಾದಗಳು ಕೂಡಿ ಆದ ಹಿಂಸೆ.

ಈ ಕಾರಣದಿಂದಲೇ ಕೇಂದ್ರ ಸರಕಾರವು ೨೦೧೩ರಲ್ಲಿ ಎಚ್-೧ ಎಂಬ ಅನುಸೂಚಿಯನ್ನು ಹೊರಡಿಸಿತು. ಅದು ೨೦೧೪ರ ಮಾರ್ಚ್ ೧ರಿಂದ ಜಾರಿಗೆ ಬಂತು. ಪ್ರಬಲ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು ಮತ್ತು ಚಟ ಹಿಡಿಸುವ ಕೆಲವು ಔಷಧಗಳು ಅದರಲ್ಲಿ ಸೇರಿವೆ. ಅವುಗಳನ್ನು ಮಾರುವಾಗ ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಲೆಕ್ಕದ ಪುಸ್ತಕವನ್ನು ಶುದ್ಧವಾಗಿಡುವುದು ಜೈನ ವರ್ತಕರಿಗೆ ಹೊಸದಲ್ಲ. ಹಣದ ಲೆಕ್ಕದಲ್ಲಿ ತೋರುವ ನಿಷ್ಠೆಯನ್ನು ಔಷಧದ ಲೆಕ್ಕದಲ್ಲಿಯೂ ತೋರಬೇಕೆಂದಷ್ಟೇ ಇಲ್ಲಿ ಕೇಳಿರುವುದು.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗುಬ್ಬಿ ತಾಲ್ಲೂಕಿನ ದೂರದ ಹಳ್ಳಿಯಿಂದ ರಾತ್ರಿ ಎಂಟು ಗಂಟೆಗೆ ಜ್ವರದ ಮಗುವನ್ನೆತ್ತಿಕೊಂಡು ಬಂದ ತಾಯಿಗೆ 'ಚೀಟಿ ತನ್ನಿ' ಎಂದು ಹೇಳಿ ಕಳುಹಿಸುವುದು ಅನುಕಂಪೆಯೆ? ಕಾನೂನಿನ ಅಕ್ಷರವನ್ನು ಹಿಡಿದು ದಯೆಯನ್ನು ಬಿಟ್ಟವನು ಧರ್ಮಾತ್ಮನೆ? ಖಂಡಿತವಾಗಿಯೂ ಅಲ್ಲ. ಆದರೆ ಆಯ್ಕೆ ಇರುವುದು ಕೊಡುವುದು, ಕಳುಹಿಸುವುದು ಎಂಬ ಎರಡರ ನಡುವೆ ಮಾತ್ರವಲ್ಲ. ಕೊಡಬಾರದ ಔಷಧವನ್ನು ನಿರಾಕರಿಸಬಹುದು; ಮನುಷ್ಯನನ್ನು ನಿರಾಕರಿಸಬೇಕಾಗಿಲ್ಲ. ಮಗುವಿನ ವಯಸ್ಸು, ತೂಕ ಕೇಳಿ ಪ್ಯಾರಸಿಟಮಾಲ್ ದ್ರಾವಣವನ್ನು ಎಷ್ಟು, ಎಷ್ಟು ಗಂಟೆಗೊಮ್ಮೆ ಕೊಡಬೇಕೆಂದು ತಿಳಿಸಬಹುದು. ಭೇದಿಯಾಗುತ್ತಿದ್ದರೆ ಓ.ಆರ್.ಎಸ್. ಪೊಟ್ಟಣ ಕೊಟ್ಟು, ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಬೇಕೆಂದು ಹೇಳಬಹುದು. ಮಗು ಹಾಲು ಕುಡಿಯದಿದ್ದರೆ, ಉಸಿರಾಟ ವೇಗವಾಗಿದ್ದರೆ, ಮಂಕಾಗಿ ಮಲಗಿದ್ದರೆ ಇದು ಅಂಗಡಿಯಲ್ಲಿ ತೀರುವ ವಿಷಯವಲ್ಲವೆಂದು ತಿಳಿಸಿ, ೧೦೮ಕ್ಕೆ ತಾನೇ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬಹುದು. ಇದಕ್ಕೆ ಐದು ನಿಮಿಷ ಬೇಕು. ಆಂಟಿಬಯಾಟಿಕ್ ಕತ್ತರಿಸಿ ಕೊಡಲು ಅರ್ಧ ನಿಮಿಷ ಸಾಕು. ಆ ನಾಲ್ಕೂವರೆ ನಿಮಿಷವೇ ಅಂಗಡಿಯವನು ಮಾಡಬಹುದಾದ ದಾನ.

ಕ್ಷಯರೋಗದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಎರಡು ವಾರ ಮೀರಿದ ಕೆಮ್ಮು ಇದ್ದವರು ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಆದರೆ ಅಂಥವನು ವಾರಕ್ಕೊಂದರಂತೆ ಕೆಮ್ಮಿನ ಸಿರಪ್ ಕೊಂಡು ಹೋಗುತ್ತಿದ್ದರೆ ಅಂಗಡಿಗೆ ವ್ಯಾಪಾರವಾಗುತ್ತದೆ, ಮನೆಯಲ್ಲಿ ಹೆಂಡತಿ ಮಕ್ಕಳಿಗೆ ರೋಗ ಹರಡುತ್ತದೆ. 'ಇದು ಮೂರನೆಯ ಬಾಟಲಿ, ನಾಳೆ ಕಫ ಪರೀಕ್ಷೆಗೆ ಹೋಗಿ' ಎಂದು ಹೇಳುವ ಅವಕಾಶ ಯಾವ ವೈದ್ಯರಿಗಿಂತಲೂ ಮೊದಲು ಆ ಅಂಗಡಿಯವನಿಗೇ ಒದಗುತ್ತದೆ. ಕ್ಷಯದ ಔಷಧ ಮಾರಿದ ಅಂಗಡಿಗಳೂ ಅದನ್ನು ಸರಕಾರಕ್ಕೆ ತಿಳಿಸಬೇಕೆಂದು ೨೦೧೮ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ್ದು ಈ ಸ್ಥಾನವನ್ನು ಗುರುತಿಸಿಯೇ.

'ನಾನು ಕೊಡದಿದ್ದರೆ ಎದುರಂಗಡಿಯವನು ಕೊಡುತ್ತಾನೆ. ನನಗೆ ಗಿರಾಕಿಯೂ ಹೋಗುತ್ತಾನೆ, ಲೋಕಕ್ಕೆ ಲಾಭವೂ ಇಲ್ಲ' ಎಂಬುದು ವರ್ತಕರ ಮತ್ತೊಂದು ಮಾತು. ಬಾಡಿಗೆ, ಬಡ್ಡಿ, ಸಂಬಳಗಳ ಭಾರ ಹೊತ್ತವನ ಈ ಮಾತಿನಲ್ಲಿ ನೋವಿದೆ. ಆದರೆ ಕರ್ಮಸಿದ್ಧಾಂತದಲ್ಲಿ ಎದುರಂಗಡಿಯ ಖಾತೆಗೆ ತನ್ನ ಬಾಕಿಯನ್ನು ವರ್ಗಾಯಿಸುವ ವ್ಯವಸ್ಥೆ ಇಲ್ಲ. ಕೃತ, ಕಾರಿತ, ಅನುಮೋದನೆ ಈ ಮೂರಕ್ಕೂ ಬಂಧವಿದೆ. ಈ ಮಾತು ಅಂಗಡಿಯವನಿಗೆ ಮಾತ್ರ ಅನ್ವಯಿಸುವುದೂ ಇಲ್ಲ. ಪರಿಚಯದ ಬಲದಿಂದ ಫೋನಿನಲ್ಲಿಯೇ ಔಷಧದ ಹೆಸರು ಹೇಳಿ, ಚೀಟಿ ಕೇಳಿದರೆ ಮುನಿಸಿಕೊಳ್ಳುವ ವಿದ್ಯಾವಂತ ಮನೆತನಗಳೂ ಇವೆ. ಅವರು ಕಾರಿತ ದೋಷಕ್ಕೆ ಪಾಲುದಾರರು. 'ಇಲ್ಲ' ಎಂದ ಅಂಗಡಿಯವನನ್ನು ಬಿಟ್ಟು ಹೋಗದಿರುವುದು ಗಿರಾಕಿಯ ಧರ್ಮ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಪ್ರತಿರೂಪಕ ವ್ಯವಹಾರವನ್ನೂ ಹೇಳಿದೆ. ರಾಜ್ಯದ ನಿಯಮವನ್ನು ಮೀರಿ ವ್ಯಾಪಾರ ಮಾಡುವುದು ಮೊದಲನೆಯದು. ಸಾಚಾ ವಸ್ತುವಿನ ಹೆಸರಿನಲ್ಲಿ ಕಲಬೆರಕೆಯದನ್ನು ಕೊಡುವುದು ಎರಡನೆಯದು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ತಾನೇ ನಿಂತು ಕೊಡಬೇಕೆಂಬುದು ನಿಯಮ. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟನ್ನು ಬಾಡಿಗೆಗೆ ತೂಗುಹಾಕಿ, ಕೌಂಟರಿನಲ್ಲಿ ತರಬೇತಿಯಿಲ್ಲದ ಹುಡುಗನನ್ನು ನಿಲ್ಲಿಸಿದರೆ ಎರಡೂ ಅತಿಚಾರಗಳು ಒಂದೇ ಕಡೆ ಕೂಡುತ್ತವೆ: ನಿಯಮವೂ ಮೀರಿತು, ಅರಿವಿನ ಜಾಗದಲ್ಲಿ ಅರಿವಿನ ನಕಲೂ ಕುಳಿತಿತು. ಬಿಲ್ಲಿನ ವಿಷಯವೂ ಹೀಗೆಯೇ. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ ವಿಷ ದ್ರಾವಕ ಬೆರೆತ ಕೆಮ್ಮಿನ ಸಿರಪ್ ಕುಡಿದು ಅನೇಕ ಮಕ್ಕಳು ಸತ್ತರು. ಅಂಥ ಔಷಧವನ್ನು ಹಿಂದಕ್ಕೆ ತರಿಸಬೇಕಾದರೆ ಯಾವ ಬ್ಯಾಚಿನ ಬಾಟಲಿ ಯಾರ ಮನೆಗೆ ಹೋಯಿತೆಂದು ತಿಳಿಯಬೇಕು. ಬ್ಯಾಚ್ ನಂಬರ್ ಬರೆದ ಬಿಲ್ಲು ಇಲ್ಲದಿದ್ದರೆ ಅದು ತಿಳಿಯುವ ದಾರಿಯೇ ಇಲ್ಲ. ನಾಲ್ಕು ಕಾಸಿನ ತೆರಿಗೆ ಉಳಿಸಲು ಬಿಲ್ಲು ಬೇಡವೆನ್ನುವವನು ಮಗುವಿನ ರಕ್ಷಣೆಯನ್ನೂ ಬೇಡವೆಂದಂತಾಯಿತು.

ಇನ್ನು ಲಾಭದ ಮಾತು. ಗೃಹಸ್ಥನ ವ್ರತ ಪರಿಗ್ರಹ ಪರಿಮಾಣ; ಲಾಭವನ್ನು ನಿಷೇಧಿಸಿಲ್ಲ, ಅದಕ್ಕೆ ಮಿತಿ ಹಾಕಿಕೊಳ್ಳಲು ಹೇಳಿದೆ. ದರ ನಿಯಂತ್ರಣಕ್ಕೆ ಒಳಪಟ್ಟ ಔಷಧಗಳ ಬೆಲೆಯನ್ನು ನಿಗದಿಮಾಡುವಾಗ ೨೦೧೩ರ ಆದೇಶವು ಚಿಲ್ಲರೆ ವ್ಯಾಪಾರಿಗೆ ಶೇಕಡಾ ೧೬ರ ಲಾಭಾಂಶವನ್ನು ಸೇರಿಸುತ್ತದೆ. ಪ್ರಾಮಾಣಿಕನಿಗೆ ಅದರಲ್ಲಿ ಬದುಕಿದೆ. ೨೦೦೮ರಲ್ಲಿ ಆರಂಭವಾದ ಜನೌಷಧಿ ಯೋಜನೆಯಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ತಿಂಗಳ ಔಷಧಕ್ಕೆ ಹಣ ಸಾಲದೆ ದಿನ ಬಿಟ್ಟು ದಿನ ಮಾತ್ರೆ ನುಂಗುವ ಬಡ ವೃದ್ಧನಿಗೆ 'ವೈದ್ಯರನ್ನು ಕೇಳಿ, ಇದೇ ಔಷಧ ಅಲ್ಲಿ ಅಗ್ಗವಾಗಿ ಸಿಗುತ್ತದೆ' ಎಂದು ತನ್ನ ನಷ್ಟದಲ್ಲಿಯೂ ಹೇಳುವ ವರ್ತಕನು ಆ ದಿನದ ವ್ರತವನ್ನು ಪಾಲಿಸಿದವನು.

ಆದುದರಿಂದ ಬಸದಿಯ ಟ್ರಸ್ಟುಗಳು ಔಷಧದಾನದ ಅರ್ಥವನ್ನು ಇನ್ನಷ್ಟು ವಿಸ್ತರಿಸಿಕೊಳ್ಳುವುದು ಉಚಿತ. ತುಮಕೂರಿನ ಬಳಿಯ ಮಂದರಗಿರಿಗೂ, ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹೊಯ್ಸಳರ ಕಾಲದ ಬಸದಿಗೂ ಯಾತ್ರಿಕರು ಬರುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಬಡವರೂ ಇದ್ದಾರೆ. ವರ್ಷಕ್ಕೊಮ್ಮೆ ಮಾತ್ರೆ ಹಂಚಿ ಮರುದಿನ ಮರೆಯುವ ಶಿಬಿರಕ್ಕಿಂತ, ಓದಿದ ಫಾರ್ಮಸಿಸ್ಟ್ ಒಬ್ಬನಿಗೆ ಗೌರವದ ಸಂಬಳ ಕೊಟ್ಟು ವರ್ಷವಿಡೀ ನಿಲ್ಲಿಸುವುದು ಹೆಚ್ಚಿನ ದಾನ. ಬಡ ವಿದ್ಯಾರ್ಥಿಯೊಬ್ಬನಿಗೆ ಫಾರ್ಮಸಿ ಓದಲು ವಿದ್ಯಾರ್ಥಿವೇತನ ಕೊಡುವುದು ಶಾಸ್ತ್ರದಾನವೂ ಹೌದು, ಔಷಧದಾನವೂ ಹೌದು. ಇನ್ಸುಲಿನ್ನನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು. ವಿದ್ಯುತ್ ಹೋಗುವ ಊರಿನಲ್ಲಿ ಅದಕ್ಕೊಂದು ಒಳ್ಳೆಯ ಫ್ರಿಜ್ಜನ್ನೂ ಬ್ಯಾಟರಿಯನ್ನೂ ಒದಗಿಸುವುದು ಶಿಲಾಫಲಕದಲ್ಲಿ ಹೆಸರು ಕೆತ್ತಿಸುವುದಕ್ಕಿಂತ ಸಾರ್ಥಕ. ಶಿಬಿರಕ್ಕೆ ಔಷಧ ದಾನ ಪಡೆಯುವಾಗ ಅವಧಿ ಮುಗಿಯುವ ದಿನಾಂಕವನ್ನು ನೋಡದೆ ಪಡೆಯುವುದು, ಚೀಟಿಯಿಲ್ಲದೆ ಆಂಟಿಬಯಾಟಿಕ್ ಹಂಚುವುದು ಪುಣ್ಯದ ಹೆಸರಿನ ಪ್ರಮಾದಗಳೆಂದು ಟ್ರಸ್ಟಿಗಳು ಅರಿಯಬೇಕು.

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಈಗ ಕಠಿಣವಲ್ಲ. ಬೆಲೆ ಪಡೆದುದರಿಂದ ಔಷಧದ ಮಾರಾಟವು ಧರ್ಮದಿಂದ ಹೊರಗಾಗುವುದಿಲ್ಲ. ಬೆಲೆ ಪಡೆಯದುದರಿಂದಲೇ ಅದು ದಾನವಾಗುವುದೂ ಇಲ್ಲ. ಕೊಡುವವನ ಅರಿವು, ಎಚ್ಚರ ಮತ್ತು ರೋಗಿಯ ಹಿತವೊಂದೇ ಗುರಿಯಾದ ಮನಸ್ಸು ಇವುಗಳಿಂದ ಅದು ದಾನವಾಗುತ್ತದೆ. ಮಾತ್ರೆಯನ್ನು ಕೊಟ್ಟಾಗಲೂ, ಕೊಡಲಾರೆನೆಂದು ಕಾರಣ ತಿಳಿಸಿ ಆಸ್ಪತ್ರೆಯ ದಾರಿ ತೋರಿದಾಗಲೂ ಆ ಎಚ್ಚರ ಇರುವ ಅಂಗಡಿ ಯಾವ ಊರಿನಲ್ಲಿದೆಯೋ ಆ ಊರಿನಲ್ಲಿ ವೃಷಭಸೇನೆಯ ದಾನ ಇಂದಿಗೂ ನಡೆಯುತ್ತಿದೆ. ಅಂಥ ಅಂಗಡಿಯನ್ನು ಗುರುತಿಸಿ ಉಳಿಸಿಕೊಳ್ಳುವ ಹೊಣೆ ಸಮಾಜದ್ದು.