ತೊಂಬತ್ತರ ಮಗ್ಗಿ

ವಿದೇಶಕ್ಕೆ ಓದಲು ಹೋದವನ ಕೈಯಲ್ಲಿರುವ ಹಣ ಯಾರದು? ಖಾತೆ ಯಾರ ಹೆಸರಿನಲ್ಲಿದೆಯೋ ಅವರದು ಎನ್ನುತ್ತದೆ ಬ್ಯಾಂಕು. ದುಡಿದವರದು ಎಂದು ಮನೆಯವರು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸು ಹೇಳುತ್ತಲೇ ಇರುತ್ತದೆ. ಈ ಎರಡು ಉತ್ತರಗಳ ನಡುವೆ ನಿಂತು ದಿನವೂ ಹಾಲು, ಅಕ್ಕಿ, ಸೋಪು ಕೊಳ್ಳಬೇಕಾದವನು ಹೇಗೆ ಖರ್ಚು ಮಾಡಬೇಕು? ಹಣ ಉಳಿಸುವ ಉಪಾಯಗಳನ್ನು ಹೇಳುವವರು ಬೇಕಾದಷ್ಟಿದ್ದಾರೆ. ನನ್ನನ್ನು ಕಾಡುವುದು ಉಪಾಯದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ನಾನು ಓದುತ್ತಿರುವುದು ಜರ್ಮನಿಯ ಪೂರ್ವಭಾಗದ ಕೆಮ್ನಿಟ್ಸ್ ಎಂಬ ಊರಿನಲ್ಲಿ. ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತು ನಮ್ಮ ಕಡೆ ಚಾಲ್ತಿಯಲ್ಲಿದೆ. ಅದು ಅರ್ಧ ನಿಜ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಹೆಚ್ಚಿನ ಕಡೆ ಬೋಧನಾ ಶುಲ್ಕ ಕೇಳುವುದಿಲ್ಲ. ಆದರೆ ವೀಸಾ ಬೇಕಾದರೆ ಒಂದು ವರ್ಷದ ಊಟ, ಬಾಡಿಗೆ, ವಿಮೆಗೆ ಸಾಕಾಗುವಷ್ಟು ಹಣವನ್ನು ಮೊದಲೇ ತೋರಿಸಬೇಕು. ಅದಕ್ಕೆ ಸಾಮಾನ್ಯ ದಾರಿ ‘ಶ್ಪೆರ್‌ಕೊಂಟೊ’, ಅಂದರೆ ಬೀಗ ಹಾಕಿದ ಖಾತೆ. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ಇಡಬೇಕಾದ ಮೊತ್ತ 11,904 ಯೂರೋ. ಇಲ್ಲಿಗೆ ಬಂದಿಳಿದ ಮೇಲೆ ತಿಂಗಳಿಗೆ 992 ಯೂರೋದಂತೆ ಅದು ಕೈಗೆ ಬರುತ್ತದೆ. ನನ್ನ ಹೆಸರಿನಲ್ಲಿದ್ದೂ ನಾನು ಬೇಕೆಂದಾಗ ಮುಟ್ಟಲಾಗದ ಹಣ ಅದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಜರ್ಮನ್ ಸರ್ಕಾರ ಕಾನೂನು ಮಾಡಿದಂತಿದೆ. ಹಾಸಿಗೆಯ ಅಳತೆ ಅವರು ಹೇಳುತ್ತಾರೆ. ಅದನ್ನು ಹೊಲಿದುಕೊಟ್ಟವರು ಮಾತ್ರ ತಿಪಟೂರಿನ ಬಳಿಯ ಹಳ್ಳಿಯಲ್ಲಿದ್ದಾರೆ.

2025ರ ಜನವರಿಯಲ್ಲಿ ನಾವು ಈ ಹಣ ಕಟ್ಟಿದಾಗ ಒಂದು ಯೂರೋಗೆ ಸುಮಾರು ತೊಂಬತ್ತು ರೂಪಾಯಿ ಇತ್ತು. ಅಂದಿನಿಂದ ತೊಂಬತ್ತರ ಮಗ್ಗಿ ಬಾಯಿಪಾಠವಾಗಿದೆ. ಮೂರು ಯೂರೋದ ಕಾಫಿ ಇನ್ನೂರ ಎಪ್ಪತ್ತು. ಹದಿನೈದು ಯೂರೋದ ಕ್ಷೌರ ಸಾವಿರದ ಮುನ್ನೂರ ಐವತ್ತು. ನಮ್ಮ ಹಾಸ್ಟೆಲಿನ ಹುಡುಗರು ಒಬ್ಬರ ತಲೆಯನ್ನು ಇನ್ನೊಬ್ಬರು ಕತ್ತರಿಸಿಕೊಳ್ಳುವುದು ಈ ಗುಣಾಕಾರದ ಫಲ. ಗುಣಿಸುವುದನ್ನು ಬಿಟ್ಟವನು ಮನೆಯನ್ನು ಮರೆತವನು ಎಂಬ ಅಲಿಖಿತ ನಂಬಿಕೆ ನಮ್ಮಲ್ಲಿದೆ. ಇಲ್ಲಿ ನಾಲ್ಕು ವರ್ಷ ಕಳೆದವರು ಇದಕ್ಕೆ ತದ್ವಿರುದ್ಧ ಹೇಳುತ್ತಾರೆ: ಗುಣಿಸುತ್ತಾ ಕೂತರೆ ಇಲ್ಲಿ ಬದುಕಲಾಗದು, ಇಲ್ಲಿನ ಹಣಕ್ಕೆ ಇಲ್ಲಿನದೇ ಬೆಲೆ.

ಎರಡರಲ್ಲೂ ಸತ್ಯದ ಪಾಲಿದೆ. ಮೊದಲು ಗುಣಾಕಾರದ ಪರವಾಗಿ ಮಾತನಾಡುತ್ತೇನೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ಬೆಲೆಯಲ್ಲಿ ಲೆಕ್ಕ ಹಾಕಿದರೆ ನನ್ನ ಒಂದು ತಿಂಗಳ 992 ಯೂರೋ ಎಂದರೆ ಏಳು ಕ್ವಿಂಟಾಲಿಗೂ ಹೆಚ್ಚು ಕೊಬ್ಬರಿ. ಕೊಬ್ಬರಿ ಒಂದೇ ದಿನಕ್ಕೆ ಆಗುವುದಿಲ್ಲ. ಕಾಯಿ ಕೆಡವಿ, ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಗಿಟುಕಾಗುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಅಪ್ಪನ ಅಟ್ಟದ ಮೇಲೆ ಒಂದು ವರ್ಷ ಮಾಗಿದ್ದನ್ನು ನಾನಿಲ್ಲಿ ಮೂವತ್ತು ದಿನಗಳಲ್ಲಿ ಮುಗಿಸುತ್ತೇನೆ. ಗುಣಿಸುವವನು ನೆನಪಿಟ್ಟುಕೊಳ್ಳಲು ಬಯಸುವುದು ನಿಜಕ್ಕೂ ರೂಪಾಯಿಯನ್ನಲ್ಲ, ಈ ಕಾಯುವಿಕೆಯನ್ನು.

ಆದರೆ ಮಗ್ಗಿ ಅದನ್ನು ಸರಿಯಾಗಿ ನೆನಪಿಡುತ್ತದೆಯೇ? ಅದೇ 2025 ಮುಗಿಯುವ ಮುನ್ನ ಯೂರೋ ನೂರು ರೂಪಾಯಿ ದಾಟಿತು. ಇಲ್ಲಿನ ಅಂಗಡಿಯಲ್ಲಿ ಬ್ರೆಡ್ಡಿನ ಬೆಲೆ ಇದ್ದಂತೆಯೇ ಇತ್ತು, ಬೀಗದ ಖಾತೆಯಿಂದ ಬರುವ 992 ಕೂಡ ಹಾಗೆಯೇ ಇತ್ತು. ಅಪ್ಪ ಪಟ್ಟ ಶ್ರಮ ಒಂದು ಗುಲಗಂಜಿಯಷ್ಟೂ ಹೆಚ್ಚಾಗಲಿಲ್ಲ. ಆದರೂ ನಮ್ಮ ಹುಡುಗರ ಲೆಕ್ಕದಲ್ಲಿ ಆ ಬ್ರೆಡ್ಡು ತಿನ್ನುವುದು ದೊಡ್ಡ ತಪ್ಪಾಯಿತು. ವಿನಿಮಯ ದರದ ಜೊತೆ ಏರಿ ಇಳಿಯುವ ಪಾಪಪ್ರಜ್ಞೆಯನ್ನು ನೀತಿ ಎನ್ನುವುದು ಹೇಗೆ?

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮಗ್ಗಿಯನ್ನು ನಾವು ಸಣ್ಣದಕ್ಕೆ ಹೇಳಿಕೊಳ್ಳುತ್ತೇವೆ, ದೊಡ್ಡದಕ್ಕೆ ಮರೆಯುತ್ತೇವೆ. ನಮ್ಮಂಥ ವಿದ್ಯಾರ್ಥಿಗಳು ಇಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಇತ್ತು. ಗೋದಾಮಿನಲ್ಲಿ ಎಂಟು ಗಂಟೆ ಪೆಟ್ಟಿಗೆ ಎತ್ತಿಟ್ಟರೆ, ತೊಂಬತ್ತರ ಮಗ್ಗಿಯಲ್ಲಿ, ಒಂದು ರಾತ್ರಿಗೆ ಒಂಬತ್ತು ಸಾವಿರ ರೂಪಾಯಿ ದಾಟುತ್ತದೆ. ಈ ಲೆಕ್ಕದ ಮುಂದೆ ಬೆಳಗಿನ ತರಗತಿ ನಷ್ಟದ ಬಾಬತ್ತಾಗಿ ಕಾಣುತ್ತದೆ. ತರಗತಿ ತಪ್ಪಿ, ಪರೀಕ್ಷೆ ಹೋಗಿ, ಓದು ಒಂದು ಸೆಮಿಸ್ಟರ್ ಮುಂದೆ ಹೋದರೆ ಆರು ತಿಂಗಳ ಖರ್ಚು ಐದು ಲಕ್ಷಕ್ಕೂ ಮೀರುತ್ತದೆ. ಕಾಫಿ ಬಿಟ್ಟು ಉಳಿಸಿದ್ದು ಅದರ ಒಂದು ಮೂಲೆಗೂ ಸಾಲದು. ಯಾವುದಕ್ಕಾಗಿ ಹಣ ಬಂತೋ ಅದನ್ನೇ ನುಂಗುವ ಮಿತವ್ಯಯವೂ ದುಂದಿನ ಇನ್ನೊಂದು ರೂಪ.

ಈ ಗೊಂದಲದ ಬೇರು ಎಲ್ಲಿದೆ ಎಂದು ಯೋಚಿಸುವಾಗ ನಮ್ಮ ಭಾಷೆಯೇ ನನಗೆ ದಾರಿ ತೋರಿಸಿದ್ದು. ಕನ್ನಡದಲ್ಲಿ ಸಾಲ ಎಂಬ ಮಾತಿದೆ, ಋಣ ಎಂಬ ಮಾತೂ ಇದೆ. ಕಾಗದಪತ್ರಗಳಲ್ಲಿ ಎರಡೂ ಬೆರೆತಿವೆ ನಿಜ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ನಮ್ಮ ಮನೆಯನ್ನು ಅಡ ಇಡುವಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ತರಬೇಕಾದ ಕಾಗದದ ಹೆಸರೇ ಋಣಭಾರ ಪ್ರಮಾಣ ಪತ್ರ. ಆದರೆ ಆಡುಮಾತು ಇವನ್ನು ಬೆರೆಸುವುದಿಲ್ಲ. ಅನ್ನದ ಸಾಲ ಎಂದು ಯಾರೂ ಹೇಳುವುದಿಲ್ಲ, ಅನ್ನದ ಋಣ ಎನ್ನುತ್ತಾರೆ. ಸಾಲ ತೀರಿತು ಎಂದರೆ ಸಿಹಿ ಹಂಚಬಹುದು. ಋಣ ತೀರಿತು ಎಂಬ ಮಾತು ಬರುವುದು ಒಬ್ಬರು ಹೋದಾಗ, ಒಂದು ನಂಟು ಮುರಿದಾಗ.

ಬ್ಯಾಂಕಿನದು ಸಾಲ. ಓದು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷದ ಬಿಡುವು ಇರುತ್ತದೆ, ಬಡ್ಡಿ ಮಾತ್ರ ಹಣ ಪಡೆದ ದಿನದಿಂದಲೇ ಬೆಳೆಯುತ್ತದೆ. ಅದಕ್ಕೆ ಅಂಕಿಯಿದೆ, ಕಂತಿದೆ, ಕೊನೆಯಿದೆ. ಅದರ ನೀತಿಯೂ ಸರಳ: ಹೇಳಿದ ಹಾಗೆ ಕಟ್ಟು. ಅಪ್ಪ ಅಮ್ಮ ಕೊಟ್ಟದ್ದು ಋಣ. ತೈತ್ತಿರೀಯ ಸಂಹಿತೆ ಹುಟ್ಟಿನಿಂದಲೇ ಬರುವ ಮೂರು ಋಣಗಳ ಮಾತಾಡುತ್ತದೆ. ಅಲ್ಲಿ ಅದು ಬ್ರಾಹ್ಮಣನನ್ನು ಕುರಿತ ಮಾತು. ನಮ್ಮಂಥ ತೋಟದವರ ಮನೆಗೆ ಆ ಪದ ಶಾಸ್ತ್ರವಾಗಿ ಅಲ್ಲ, ಬರೀ ಪದವಾಗಿ ಬಂತು. ಆದರೂ ಅಲ್ಲಿನ ಒಂದು ವಿಚಾರ ನನಗೆ ಹಿಡಿಸಿದೆ. ಋಷಿಗಳ ಋಣ ತೀರುವುದು ಅಧ್ಯಯನದಿಂದ, ಪಿತೃಗಳದು ಸಂತಾನದಿಂದ. ಯಾವುದೂ ಕೊಟ್ಟವರಿಗೆ ಕೊಟ್ಟಷ್ಟನ್ನೇ ಎಣಿಸಿ ಮರಳಿಸುವ ವ್ಯವಹಾರವಲ್ಲ.

ಊಟ ಬಿಟ್ಟು ಉಳಿಸುವವನು ಈ ಋಣವನ್ನು ಸಾಲವೆಂದು ತಿಳಿದು ದಿನಗಂತಿನಲ್ಲಿ ತೀರಿಸಲು ಹೊರಟಿರುತ್ತಾನೆ. ಅವನ ಉದ್ದೇಶ ಒಳ್ಳೆಯದೇ. ಆದರೆ ಮಗ ಚೆನ್ನಾಗಿರಲಿ ಎಂದು ಕೊಟ್ಟ ಹಣದಲ್ಲಿ ಚೆನ್ನಾಗಿರದೆ ಇರುವುದು ಕೊಟ್ಟವರ ಮಾತನ್ನು ಮೀರಿದಂತೆ. ತಾಯಿಯನ್ನು ಅವನು ತನಗರಿವಿಲ್ಲದೆಯೇ ಬಡ್ಡಿ ಸಾಹುಕಾರಳನ್ನಾಗಿ ಮಾಡಿರುತ್ತಾನೆ. ಇಲ್ಲಿನದು ಇಲ್ಲಿಗೆ ಎಂದು ಧಾರಾಳವಾಗಿ ಖರ್ಚು ಮಾಡುವವನು ಇನ್ನೊಂದು ತುದಿಯಲ್ಲಿ ನಿಂತು ಅವಳನ್ನು ಲೆಕ್ಕದಿಂದಲೇ ಅಳಿಸುತ್ತಾನೆ. ಇಬ್ಬರೂ ಮಾಡದೆ ಬಿಡುವುದು ಒಂದೇ ಕೆಲಸ: ಅವಳನ್ನು ಕೇಳುವುದು.

“ಊಟ ಮಾಡ್ದಾ ಮಗ?” ಎಂಬ ಪ್ರಶ್ನೆಗೆ ಈ ಕಟ್ಟಡದ ಎಷ್ಟೋ ಕೋಣೆಗಳಿಂದ ಬರುವ ಉತ್ತರ ಒಂದೇ, ಆಯ್ತಮ್ಮ. ಆ ಕಡೆಯಿಂದಲೂ ಎಲ್ಲವೂ ಚೆನ್ನಾಗಿದೆ ಎಂಬ ಮಾತೇ ಬರುತ್ತದೆ. ಎರಡೂ ಕಡೆಯವರು ಪ್ರೀತಿಯಿಂದ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದರ ಮೇಲೆ ಇಬ್ಬರೂ ತೀರ್ಮಾನಗಳನ್ನು ತೆಗೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ನಾನು ಬೇರೆ ಪದ್ಧತಿ ಹಿಡಿದಿದ್ದೇನೆ. ತಿಂಗಳ ಮೊದಲ ಭಾನುವಾರ ಫೋನಿನಲ್ಲಿ ನನ್ನ ಖರ್ಚು ಓದುತ್ತೇನೆ: ಬಾಡಿಗೆ, ಸುಮಾರು ನೂರನಲವತ್ತು ಯೂರೋದ ಆರೋಗ್ಯ ವಿಮೆ, ದಿನಸಿ, ಕ್ಷೌರ. ಎಲ್ಲವೂ ಯೂರೋದಲ್ಲೇ. ಕ್ಷೌರ ಹದಿನೈದು ಎಂದಾಗ ಅಪ್ಪ, “ಕೂದ್ಲು ಅಲ್ಲೂ ಬೆಳೀತದೆ, ಬಿಡು” ಎಂದರು. ಆಮೇಲೆ ಅಪ್ಪ ಬ್ಯಾಂಕಿನ ಪಟ್ಟಿ ಓದುತ್ತಾರೆ. ಹೀಗೆ ಮೂರು ತಿಂಗಳಾದ ಮೇಲೆ ಅಮ್ಮ ತನ್ನ ಅವಲಕ್ಕಿ ಸರ ಒತ್ತೆಯಲ್ಲಿದೆ ಎಂದು ಹೇಳಿದಳು. ಅದು ತಿಳಿದ ಮೇಲೆ ಶನಿವಾರ ಭಾನುವಾರದ ಕೆಲಸ ಹಿಡಿದೆ, ಪರೀಕ್ಷೆಯ ತಿಂಗಳು ಬಿಟ್ಟು. ಎಷ್ಟು ಉಳಿಸಬೇಕು ಎಂಬುದು ಮಗ್ಗಿಯಿಂದ ತಿಳಿಯದ್ದು ಆ ಮಾತಿನಿಂದ ತಿಳಿಯಿತು.

ಇದನ್ನು ಪಕ್ಕದ ಕೋಣೆಯ ಕೊಪ್ಪಳ ಕಡೆಯ ಗೆಳೆಯನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. “ನಿಮ್ಮನ್ಯಾಗ ನಡೀತದ. ನಮ್ಮವ್ವಗ ಖರೇ ಹೇಳಿದ್ರ ಆಕಿ ತನ್ನ ಊಟಾನ ಬಿಟ್ಟು ರೊಕ್ಕ ಕಳಸ್ತಾಳ.” ಅವನ ಮನೆಯಲ್ಲಿ ಸತ್ಯ ಹೇಳುವುದೆಂದರೆ ಹಣ ಕೇಳಿದಂತೆ. ಒತ್ತೆ ಇಡಲು ಇನ್ನೇನೂ ಉಳಿಯದ ಮನೆಗೆ ನನ್ನ ನೀತಿಯನ್ನು ಹೊರಿಸುವ ಅಧಿಕಾರ ನನಗಿಲ್ಲ. ಆದರೂ ಅವನಿಗೆ ಒಂದು ಮಾತು ಕೇಳಿದೆ: ಮುಂದೆಂದೋ ಅವ್ವನಿಗೆ ಗೊತ್ತಾದರೆ, ಉಳಿದ ಹಣ ಅವಳಿಗೆ ಸಂತೋಷ ಕೊಡುತ್ತದೆಯೇ? ಅವನು ಉತ್ತರ ಹೇಳಲಿಲ್ಲ. ಆ ರಾತ್ರಿ ಇಬ್ಬರಿಗೂ ಸೇರಿಸಿ ಅನ್ನಕ್ಕಿಟ್ಟೆ.

ಅನ್ನವಾದ ಕುಕ್ಕರ್ ನನ್ನದಲ್ಲ. ಓದು ಮುಗಿಸಿ ಹೋದ ಬೆಳಗಾವಿಯ ಹುಡುಗಿ ಬಿಟ್ಟುಹೋದದ್ದು, ಅವಳಿಗೂ ಹಿಂದಿನವರು ಯಾರೋ ಕೊಟ್ಟದ್ದು. ಯಾರೂ ಬೆಲೆ ಕಟ್ಟಿಲ್ಲ, ಯಾರೂ ತೊಂಬತ್ತರಿಂದ ಗುಣಿಸಿಲ್ಲ. ಕೆಲಸ ಸಿಕ್ಕ ಮೇಲೆ ಬ್ಯಾಂಕಿನ ಸಾಲವನ್ನು ಪೈಸೆ ಬಿಡದೆ ಕಟ್ಟುತ್ತೇನೆ, ಅಮ್ಮನ ಸರ ಬಿಡಿಸುತ್ತೇನೆ. ಉಳಿದದ್ದನ್ನು ತೀರಿಸುವ ಕ್ರಮ ಬಹುಶಃ ಈ ಕುಕ್ಕರಿನದೇ. ಸದ್ಯಕ್ಕೆ ಅದರ ಗ್ಯಾಸ್ಕೆಟ್ ಸಡಿಲವಾಗಿದೆ. ಅಕ್ಟೋಬರಿನಲ್ಲಿ ಹೊಸಬರು ಬರುವ ಮುಂಚೆ ಹೊಸದು ಹಾಕಿಸಬೇಕು.